ನನ್ನ ಸಿಟ್ಟಿಗೆ ನಾನು ಹಿಡಿದ ವಕೀಲ

ನನ್ನ ಟ್ರಂಕಿನ ತಳದಲ್ಲಿ ಒಂದು ಬಾಂಡ್ ಪೇಪರ್ ಇದೆ. 2018ರ ಶ್ರಾವಣದಲ್ಲಿ ಬರೆಸಿದ್ದು. ಮೇಲೆ ‘ಸೋಡಚೀಟಿ’ ಎಂದಿದೆ, ಅಂದರೆ ಹಿರಿಯರ ಎದುರು ಮದುವೆ ಮುರಿದುಕೊಂಡ ಪತ್ರ. ಕೆಳಗೆ ಎರಡೂ ಕಡೆಯ ಹಿರಿಯರ ಸಹಿ, ಹೆಬ್ಬೆಟ್ಟು, ನೋಟರಿಯ ಮುದ್ರೆ. ನನ್ನ ತಂಗಿಯ ಸಹಿಯೂ ಇದೆ. ಸಹಿ ಹಾಕುವಾಗ ಅವಳು ಒಂದು ಮಾತೂ ಆಡಲಿಲ್ಲ. ಆಡಲು ನಾವು ಯಾರೂ ಬಿಟ್ಟಿರಲಿಲ್ಲ.

ನಮ್ಮದು ಸೇಡಂ ತಾಲ್ಲೂಕಿನ ಮುಧೋಳ. ತೆಲಂಗಾಣದ ಗಡಿ ದೂರವಿಲ್ಲ. ತಾಂಡೂರು, ಕೊಡಂಗಲ್, ನಾರಾಯಣಪೇಟೆ ಕಡೆಗೆ ಹೆಣ್ಣು ಕೊಡುವುದು, ಅಲ್ಲಿಂದ ತರುವುದು ನಮ್ಮ ಅಜ್ಜಂದಿರ ಕಾಲದಿಂದ ನಡೆದು ಬಂದಿದೆ. ತಂಗಿಯನ್ನೂ 2016ರಲ್ಲಿ ಗಡಿ ಆಚೆಗೇ ಕೊಟ್ಟೆವು. ಮದುವೆ ನಮ್ಮೂರಲ್ಲೇ ಆಯಿತು. 2018ರ ಯುಗಾದಿಗೆ ತವರಿಗೆ ಬಂದವಳು ಎಳೆಯ ಮಗನನ್ನು ಕಂಕುಳಲ್ಲಿ ಎತ್ತಿಕೊಂಡೇ ಉಳಿದುಬಿಟ್ಟಳು. ಯಾಕೆ ಬಂದಳು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ಅವಳ ಕಥೆ. ನಾನು ಹೇಳಬೇಕಾದದ್ದು ನನ್ನ ತಪ್ಪನ್ನು.

ಹಿರಿಯರು ಕೂತರು, ಬೀಗರು ಬಂದರು, ಚೀಟಿ ಆಯಿತು. ಬಿಡುಗಡೆಯಾಯಿತೆಂದು ನಂಬಿದೆವು. ಆರು ತಿಂಗಳೂ ಕಳೆದಿರಲಿಲ್ಲ, ತೆಲಂಗಾಣದ ಕೋರ್ಟಿನಿಂದ ಸಮನ್ಸ್ ಬಂತು. ಅಳಿಯ ವಿಚ್ಛೇದನಕ್ಕೆ ಅರ್ಜಿ ಹಾಕಿದ್ದ. ಅವನ ಎರಡನೆಯ ಮದುವೆಯ ಮಾತು ನಡೆದಾಗ ಹುಡುಗಿಯ ಮನೆಯವರು ಕೋರ್ಟಿನ ಡಿಕ್ರಿ ಕೇಳಿದರಂತೆ. ಹಿಂದೂ ವಿವಾಹ ಕಾಯ್ದೆಯಡಿ ಆದ ಮದುವೆಯನ್ನು ನೋಟರಿ ಮುದ್ರೆ ಬಿಡಿಸಲಾರದು. ಜಾತಿಯಲ್ಲಿ ಹಿಂದಿನಿಂದ ನಡೆದುಬಂದ ಸೋಡಚೀಟಿಯ ರೂಢಿ ಇದ್ದರೆ ಕಾಯ್ದೆಯ 29ನೇ ಕಲಂ ಅದನ್ನು ಉಳಿಸಿಕೊಡುತ್ತದೆ. ಆದರೆ ಆ ರೂಢಿ ಇದೆಯೆಂದು ಕೋರ್ಟಿನಲ್ಲಿ ಸಾಬೀತು ಮಾಡಬೇಕು. ನಮಗೆ ಇದೊಂದೂ ಗೊತ್ತಿರಲಿಲ್ಲ. ನಮ್ಮ ಪಾಲಿಗೆ ಹಿರಿಯರ ಮಾತೇ ಡಿಕ್ರಿಯಾಗಿತ್ತು.

ಸಮನ್ಸ್ ಕೈಗೆ ಬಂದ ದಿನ ನನ್ನ ಮೈಯೆಲ್ಲ ಉರಿಯಿತು. ನಮ್ಮ ಹುಡುಗಿಯ ಮೇಲೆಯೇ ಕೇಸು ಹಾಕಿದ್ದಾನೆ! ಊರಿನ ಮುಖಂಡರೊಬ್ಬರ ಬಳಿ ಓಡಿದೆ. ಅವರು ಒಬ್ಬ ವಕೀಲರ ಹೆಸರು ಹೇಳಿದರು. ಮರುದಿನ ಹೋದಾಗ ಅವರ ಆಫೀಸಿನ ಮುಂದೆ ಜಾತ್ರೆಯಂತೆ ಮಂದಿ. ಇಷ್ಟು ಮಂದಿ ಬರುತ್ತಾರೆಂದರೆ ಒಳ್ಳೆಯ ವಕೀಲರೇ ಇರಬೇಕು ಅಂದುಕೊಂಡೆ. ತಂಗಿ ನನ್ನ ಹಿಂದೆ ನಿಂತಿದ್ದಳು. ವಕೀಲರು ಅವಳ ಮುಖ ನೋಡಲಿಲ್ಲ. ನಾನು ಐದು ನಿಮಿಷ ಮಾತಾಡಿದೆ. ಅವರು ನನ್ನ ಭುಜ ತಟ್ಟಿ ಹೇಳಿದರು:

“ಚಿಂತಿ ಮಾಡಬ್ಯಾಡ ತಮ್ಮ. ಮೂರು ತಿಂಗಳದಾಗ ಅವರ ಮನಿ ಮಂದಿನೆಲ್ಲ ಒಳಗ ಹಾಕಸ್ತೀನಿ.”

ಆ ಒಂದು ಮಾತಿಗೆ ನಾನು ಸೋತುಹೋದೆ. ನನ್ನ ಎದೆಯಲ್ಲಿದ್ದದ್ದನ್ನೇ ಅವರು ಬಾಯಿ ಬಿಟ್ಟು ಹೇಳಿದ್ದರು. ತಂಗಿಗೆ ವಕೀಲರನ್ನು ಹುಡುಕಲು ಹೋದವನು ನನ್ನ ಸಿಟ್ಟಿಗೆ ಒಬ್ಬ ವಕೀಲರನ್ನು ಹಿಡಿದುಕೊಂಡು ಬಂದೆ. ವಕಾಲತ್ತಿನ ಜೊತೆಗೆ ನಾಲ್ಕು ಖಾಲಿ ಹಾಳೆಗಳ ಮೇಲೂ ಅವಳ ಸಹಿ ಹಾಕಿಸಿದೆ. ನಲವತ್ತು ಸಾವಿರ ನಗದು ಕೊಟ್ಟೆ. ರಸೀದಿ ಕೇಳಲು ನಾಚಿಕೆಯಾಯಿತು.

ನಮ್ಮ ಕಡೆಯ ರೈತ ಎತ್ತು ಕೊಳ್ಳುವಾಗ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ತೊಗರಿ ಬೀಜ ತಂದರೆ ಹಿಡಿಯಷ್ಟನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಎಣಿಸುತ್ತಾನೆ. ಅಂಥ ಮನೆಯಲ್ಲಿ ಹುಟ್ಟಿದ ನಾನು, ತಂಗಿಯ ಇಡೀ ಬಾಳನ್ನು ಐದು ನಿಮಿಷದಲ್ಲಿ ಒಬ್ಬರ ಕೈಗೆ ಕೊಟ್ಟು ಬಂದೆ.

ಮುಂದೆ ನಡೆದದ್ದನ್ನು ಬರೆಯಲು ಇವತ್ತಿಗೂ ಕೈ ನಡುಗುತ್ತದೆ. ಆಗಿನ ಭಾರತೀಯ ದಂಡ ಸಂಹಿತೆಯ 498ಎ ಕಲಂ ಅಡಿ, ಗಂಡನ ಮನೆಯವರ ಕಿರುಕುಳದ ದೂರು ಬರೆಸಿದೆವು. ಅಳಿಯ, ಅತ್ತೆ, ಮಾವ ಅಷ್ಟೇ ಅಲ್ಲ, ಬೇರೆ ಊರಿಗೆ ಮದುವೆಯಾಗಿ ಹೋಗಿದ್ದ ನಾದಿನಿಯ ಹೆಸರನ್ನೂ ಸೇರಿಸಬೇಕೆಂದರು ವಕೀಲರು. “ಹೆಸರು ಹೆಚ್ಚಿದ್ದಷ್ಟೂ ಬಗ್ತಾರ” ಎಂದರು. ಅಂದು ರಾತ್ರಿ ತಂಗಿ ನನ್ನ ಹತ್ತಿರ ಬಂದು ಕೂತಳು.

“ನಾದಿನಿ ಹೆಸರು ಬ್ಯಾಡಣ್ಣ. ನಾ ಉಪವಾಸ ಬಿದ್ದಾಗ ರೊಟ್ಟಿ ತಂದು ಕೊಟ್ಟಾಕಿ ಅಕಿ.”

“ನಿನಗ ತಿಳೆಂಗಿಲ್ಲ, ಸುಮ್ಮನಿರು” ಎಂದೆ. ನನ್ನ ಬಾಳಿನಲ್ಲಿ ನಾನು ಆಡಿದ ಅತ್ಯಂತ ಕೆಟ್ಟ ಮಾತು ಅದು.

ಯಾರೂ ಜೈಲಿಗೆ ಹೋಗಲಿಲ್ಲ. 498ಎ ದೂರು ಬಂದ ಕೂಡಲೇ ಯಾಂತ್ರಿಕವಾಗಿ ಬಂಧಿಸುವಂತಿಲ್ಲ, ಬಂಧನದ ಅಗತ್ಯವೇನೆಂದು ಪೊಲೀಸರು ಕಾರಣ ದಾಖಲಿಸಬೇಕು ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಹೇಳಿತ್ತು. ಕೌಟುಂಬಿಕ ಪ್ರಕರಣ ನಡೆಸುವ ವಕೀಲರು ಈ ತೀರ್ಪನ್ನು ಬಲ್ಲರು. ಬಲ್ಲವರು ಅಂಥ ಭರವಸೆ ಕೊಟ್ಟರೆಂದರೆ, ನನಗೆ ಬೇಕಾದದ್ದನ್ನು ಅಳೆದು ಅದನ್ನೇ ಮಾರಿದರು ಎಂದರ್ಥ.

ಅದಕ್ಕಿಂತ ದೊಡ್ಡ ಪೆಟ್ಟು ಬೇರೆಯೇ ಇತ್ತು. ತೆಲಂಗಾಣದ ಸಮನ್ಸ್ ಬಗ್ಗೆ ಕೇಳಿದಾಗೆಲ್ಲ “ಅದು ನಾ ನೋಡ್ಕೋತೀನಿ, ನೀವು ಹೋಗೋದು ಬ್ಯಾಡ” ಎನ್ನುತ್ತಿದ್ದರು. ತಾರೀಖಿನ ಮೇಲೆ ತಾರೀಖು ಕಳೆದವು. ನಡುವೆ ಕೊರೊನಾ ಬಂತು, ಕೋರ್ಟುಗಳು ಮುಚ್ಚಿದವು, ತೆರೆದವು. 2022ರಲ್ಲಿ ಪಕ್ಕದ ಮನೆಯ ಹುಡುಗನೊಬ್ಬ ಸಮನ್ಸ್ ಮೇಲಿದ್ದ 16 ಅಕ್ಷರ–ಅಂಕಿಗಳ ಸಿಎನ್‌ಆರ್ ಸಂಖ್ಯೆಯನ್ನು ತನ್ನ ಮೊಬೈಲಿನ ಇ-ಕೋರ್ಟ್ಸ್ ಆ್ಯಪ್‌ಗೆ ಹಾಕಿ ನೋಡಿದ. ಪ್ರತಿ ತಾರೀಖೂ ಅಲ್ಲಿ ಸಾಲಾಗಿ ಇತ್ತು. ನಮ್ಮ ಪರವಾಗಿ ಒಬ್ಬರೂ ಹಾಜರಾಗಿರಲಿಲ್ಲ. ಕೊನೆಗೆ ‘ಎಕ್ಸ್ ಪಾರ್ಟಿ’ ಎಂದಿತ್ತು. ಅಂದರೆ ನನ್ನ ತಂಗಿಯ ಮಾತು ಕೇಳದೆಯೇ ಪ್ರಕರಣ ಮುಗಿಯಲಿತ್ತು. ಮೂರು ವರ್ಷ ನನ್ನ ಜೇಬಿನಲ್ಲೇ ಇದ್ದ ಫೋನಿನಲ್ಲಿ ಎರಡು ನಿಮಿಷಕ್ಕೆ ಸಿಗುತ್ತಿದ್ದ ಸತ್ಯ ಅದು.

ಆಮೇಲೆ ಕಲಬುರಗಿಗೆ ಹೋದೆವು. ಅಲ್ಲಿ ಒಬ್ಬ ವಕೀಲೆ ಇದ್ದಾರೆಂದು ತಂಗಿಯೇ ವಿಚಾರಿಸಿದ್ದಳು. ಅವಳ ಹಾಗೆಯೇ ತವರಿಗೆ ಬಂದಿದ್ದ ಚಿತ್ತಾಪುರದ ಒಬ್ಬಾಕೆ ಹೇಳಿದ್ದಳಂತೆ. ಆಫೀಸು ಸಣ್ಣದು, ಜಂಗುಳಿ ಇರಲಿಲ್ಲ. ನಾನು ಎಂದಿನಂತೆ ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು.

“ಅಣ್ಣಾರ, ನೀವು ಒಂದೀಟು ಹೊರಗ ಕೂಡ್ರಿ. ನಾ ಅಕಿ ಕೂಡ ಮಾತಾಡ್ತೀನಿ.”

ಒಂದು ತಾಸಿನ ಮೇಲಾಯಿತು. ತಂಗಿ ಹೊರಗೆ ಬಂದಾಗ ಕಣ್ಣು ಕೆಂಪಾಗಿದ್ದವು, ಮುಖ ಮಾತ್ರ ಹಗುರಾಗಿತ್ತು. ಸೇಡಂಗೆ ಮರಳುವ ರೈಲಿನಲ್ಲಿ, ಶಹಾಬಾದ್ ದಾಟಿದ ಮೇಲೆ ಹೇಳಿದಳು: “ಅಣ್ಣಾ, ‘ನಿನಗ ಏನು ಬೇಕವ್ವಾ’ ಅಂತ ಇಷ್ಟು ವರ್ಷದಾಗ ನನಗ ಯಾರೂ ಕೇಳಿದ್ದಿಲ್ಲ. ಅವರು ಕೇಳಿದ್ರು.”

ಅವಳಿಗೆ ಬೇಕಾಗಿದ್ದದ್ದು ಮೂರೇ. ತನ್ನ ಬಂಗಾರ, ಮಗನ ಓದಿನ ಖರ್ಚು, ಆ ಸಂಬಂಧದಿಂದ ಬಿಡುಗಡೆ. ಯಾರನ್ನೂ ಜೈಲಿಗೆ ಕಳಿಸುವ ಆಸೆ ಅವಳಿಗೆ ಒಂದು ದಿನವೂ ಇರಲಿಲ್ಲ. ಇದ್ದದ್ದು ನನಗೆ.

ಹೊಸ ವಕೀಲರು ಗೆಲ್ಲಿಸುತ್ತೇನೆಂದು ಹೇಳಲಿಲ್ಲ. ಕಾಗದ ಕೇಳಿದರು. ಲಗ್ನಪತ್ರಿಕೆ, ಮದುವೆಯ ಫೋಟೊ, ವಿಡಿಯೊ, ಅಕ್ಕಸಾಲಿಗರ ಚೀಟಿ, ಮಗನ ಜನನ ಪ್ರಮಾಣಪತ್ರ, ಅಳಿಯನ ಸಂಬಳದ ವಿವರ. ತವರಿನಿಂದ ಕೊಟ್ಟ ಬಂಗಾರದ ಯಾದಿಯನ್ನು ತಂಗಿಯಿಂದಲೇ ಬರೆಸಿದರು. ಅದು ಅವಳ ಸ್ತ್ರೀಧನ. ಮಿತಾಕ್ಷರ ಬರೆದ ವಿಜ್ಞಾನೇಶ್ವರನ ಊರೆಂದು ನಾವು ಹೆಮ್ಮೆಪಡುವ ಮರತೂರು ಶಹಾಬಾದ್ ಪಕ್ಕದಲ್ಲೇ ಇದೆ. ಸ್ತ್ರೀಧನದ ಅರ್ಥವನ್ನು ಹಿಗ್ಗಿಸಿ ಹೇಳಿದ ಧರ್ಮಶಾಸ್ತ್ರ ಗ್ರಂಥ ಮಿತಾಕ್ಷರ. ಸ್ತ್ರೀಧನ ಪೂರ್ತಿ ಹೆಂಡತಿಯದೇ, ಗಂಡನ ಮನೆಯಲ್ಲಿದ್ದರೂ ಅವನು ಅದರ ಮಾಲೀಕನಲ್ಲ ಎಂದು ಸುಪ್ರೀಂ ಕೋರ್ಟ್ 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಮೊದಲ ವಕೀಲರು ಬಂಗಾರದ ಮಾತನ್ನೇ ಎತ್ತಿರಲಿಲ್ಲ.

ಹೊಸ ವಕೀಲರು ಇನ್ನೊಂದು ಪ್ರಶ್ನೆ ಕೇಳಿದರು: “ಜೀವನಾಂಶಕ್ಕ ಅರ್ಜಿ ಯಾವಾಗ ಹಾಕೀರಿ?” ಹಾಕಿರಲೇ ಇಲ್ಲ. ಪ್ರಕರಣ ನಡೆಯುತ್ತಿರುವಾಗಲೇ ಹಿಂದೂ ವಿವಾಹ ಕಾಯ್ದೆಯ 24ನೇ ಕಲಂ ಅಡಿ ಮಧ್ಯಂತರ ಜೀವನಾಂಶ ಕೇಳಬಹುದು. ಎದುರಿನವರಿಗೆ ನೋಟಿಸ್ ಮುಟ್ಟಿದ 60 ದಿನದೊಳಗೆ, ಸಾಧ್ಯವಾದ ಮಟ್ಟಿಗೆ, ಅದನ್ನು ತೀರ್ಮಾನಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ಎರಡೂ ಕಡೆಯವರು ಆಸ್ತಿ, ಆದಾಯ, ಸಾಲದ ಪ್ರಮಾಣಪತ್ರ ಸಲ್ಲಿಸಬೇಕು, ಜೀವನಾಂಶ ಅರ್ಜಿ ಹಾಕಿದ ದಿನದಿಂದ ಸಿಗಬೇಕು ಎಂದು 2020ರ ರಜನೇಶ್ ವಿರುದ್ಧ ನೇಹಾ ತೀರ್ಪಿನಲ್ಲಿದೆ. ಅರ್ಜಿ ಹಾಕಿದ ದಿನದಿಂದ! ಹಾಕದೇ ಬಿಟ್ಟ ತಿಂಗಳುಗಳು ಹೋದಂತೆಯೇ. ಆ ಮೂರು ವರ್ಷ ತಂಗಿ ಹೊಲಿಗೆ ಯಂತ್ರ ತುಳಿದು ಮಗನನ್ನು ಸಾಕಿದಳು.

ಹಳೆಯ ವಕೀಲರ ಬಳಿ ಫೈಲ್ ಕೇಳಲು ಹೋದಾಗ ಬಾಕಿ ಫೀಸು ಕೊಡದೆ ಕಾಗದ ಕೊಡುವುದಿಲ್ಲ ಎಂದರು. ಸಾಲ ಮಾಡಿ ಕೊಟ್ಟು ತಂದೆ. ಫೀಸು ಬಾಕಿಯಿದೆಯೆಂದು ವಕೀಲರು ಕಕ್ಷಿದಾರರ ಫೈಲನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂಬ ಸುಪ್ರೀಂ ಕೋರ್ಟ್ ತೀರ್ಪು 2000ದಲ್ಲೇ ಬಂದಿತ್ತೆಂದು ತಿಳಿದದ್ದು ಆಮೇಲೆ.

ಮುಂದಿನ ದಾರಿಯನ್ನೂ ಹೊಸ ವಕೀಲರು ಬಿಡಿಸಿ ಹೇಳಿದರು. ರಾಜ್ಯದೊಳಗೆ ಒಂದು ಕೋರ್ಟಿನಿಂದ ಇನ್ನೊಂದಕ್ಕೆ ಪ್ರಕರಣ ವರ್ಗಾಯಿಸಲು ನಮಗೆ ಕಲಬುರಗಿಯ ಹೈಕೋರ್ಟ್ ಪೀಠ ಸಾಕು. ಬೇರೆ ರಾಜ್ಯದಿಂದ ತರಬೇಕೆಂದರೆ ಸುಪ್ರೀಂ ಕೋರ್ಟಿಗೇ ಹೋಗಬೇಕು. ಗಡಿ ಊರಿನ ನಾವು ಮದುವೆ ಮಾಡುವಾಗ ಇದನ್ನು ಯೋಚಿಸುವುದೇ ಇಲ್ಲ. 2003ರ ತಿದ್ದುಪಡಿಯ ನಂತರ ಹೆಂಡತಿ ಅರ್ಜಿದಾರಳಾದರೆ ತಾನು ವಾಸಿಸುವ ಕಡೆಯ ಕೋರ್ಟಿನಲ್ಲೇ ಹಾಕಬಹುದು. ಬಾಂಡ್ ಪೇಪರಿನ ಬದಲು ಅಂದೇ ನಮ್ಮ ಕಡೆಯ ಕೋರ್ಟಿಗೆ ಹೋಗಿದ್ದರೆ ದಾರಿ ಎಷ್ಟೋ ಹತ್ತಿರವಾಗುತ್ತಿತ್ತು.

ಅವರು ಮೊದಲು ತೆಲಂಗಾಣದ ಕೋರ್ಟಿನಲ್ಲಿ ನಮ್ಮವರೊಬ್ಬರು ನಿಲ್ಲುವಂತೆ ಮಾಡಿ ಎಕ್ಸ್ ಪಾರ್ಟಿ ಆದೇಶವನ್ನು ರದ್ದು ಮಾಡಿಸಿದರು. ನಂತರ ಎರಡೂ ಮನೆಯವರನ್ನು ಕೂಡಿಸಿದರು. ಬಂಗಾರ ಮರಳಿತು. ಮಗನ ಹೆಸರಿನಲ್ಲಿ ಠೇವಣಿಯಾಯಿತು. ಅಳಿಯ ಅಲ್ಲಿಯ ಅರ್ಜಿ ಹಿಂಪಡೆದ. ಮದುವೆ ನಮ್ಮೂರಲ್ಲಿ ಆಗಿದ್ದರಿಂದ 13ಬಿ ಕಲಂ ಅಡಿ ಪರಸ್ಪರ ಒಪ್ಪಿಗೆಯ ಅರ್ಜಿಯನ್ನು ಇಲ್ಲಿಯೇ ಹಾಕಿದೆವು. ಆ ಕಲಂ ಪ್ರಕಾರ ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ಬಹಳ ಕಾಲದಿಂದ ಬೇರೆಯಾಗಿದ್ದು, ರಾಜಿಯ ದಾರಿ ಮುಚ್ಚಿ, ಕೊಡುಕೊಳ್ಳುವುದೆಲ್ಲ ತೀರ್ಮಾನವಾಗಿದ್ದರೆ ಆ ಆರು ತಿಂಗಳನ್ನು ಕೋರ್ಟು ಮನ್ನಾ ಮಾಡಬಹುದೆಂದು 2017ರ ಅಮರ್‌ದೀಪ್ ಸಿಂಗ್ ತೀರ್ಪು ಹೇಳಿದೆ. ನಮಗೆ ಮನ್ನಾ ಆಯಿತು. 2023ರಲ್ಲಿ ಡಿಕ್ರಿ ಕೈಗೆ ಬಂತು.

498ಎ ಪ್ರಕರಣ ರದ್ದುಪಡಿಸಲು ಹೈಕೋರ್ಟ್ ಪೀಠಕ್ಕೆ ಹೋಗಬೇಕಾಯಿತು. ಅಲ್ಲಿಗೆ ಆ ನಾದಿನಿಯೂ ಬಂದಿದ್ದಳು, ಕೈಗೂಸಿನ ಜೊತೆ. ಯಾವ ತಪ್ಪೂ ಮಾಡದೆ ನಾಲ್ಕು ವರ್ಷ ಆರೋಪಿಯಾಗಿದ್ದವಳು. ತಂಗಿ ಹೋಗಿ ಅವಳ ಕೈ ಹಿಡಿದಳು. ಇಬ್ಬರೂ ಅತ್ತರು. ನಾನು ದೂರ ನಿಂತಿದ್ದೆ, ಹತ್ತಿರ ಹೋಗಿ ಕ್ಷಮೆ ಕೇಳುವ ಧೈರ್ಯ ಅಂದು ಬರಲಿಲ್ಲ. ಈ ಬರಹದಲ್ಲಿ ಕೇಳುತ್ತಿದ್ದೇನೆ.

ನನ್ನಂತೆ ತಂಗಿ, ಮಗಳು, ಅಕ್ಕನ ಜೊತೆ ವಕೀಲರ ಬಾಗಿಲಿಗೆ ಹೊರಟವರಿಗೆ ಹೇಳುವುದಿಷ್ಟು. ಮುಖಂಡರನ್ನು ಕೇಳಬೇಡಿ, ಇದೇ ದಾರಿ ನಡೆದ ಹೆಣ್ಣುಮಕ್ಕಳನ್ನು ಕೇಳಿ. ಒಬ್ಬರಲ್ಲ, ಇಬ್ಬರು ಮೂವರು ವಕೀಲರನ್ನು ಕಂಡು ಮಾತಾಡಿ. ಇಂಥ ಪ್ರಕರಣ ಎಷ್ಟು ನಡೆಸಿದ್ದೀರಿ, ನೀವೇ ಹಾಜರಾಗುತ್ತೀರೋ ಕಿರಿಯರನ್ನು ಕಳಿಸುತ್ತೀರೋ, ಒಟ್ಟು ಫೀಸು ಎಷ್ಟು, ಯಾವ ಹಂತಕ್ಕೆ ಎಷ್ಟು ಎಂದು ಮೊದಲೇ ಕೇಳಿ. ಒಳ್ಳೆಯವರು ಇದಕ್ಕೆ ಬೇಸರಪಡುವುದಿಲ್ಲ. ಗೆದ್ದರೆ ಇಷ್ಟು ಪಾಲು ಎನ್ನುವ ಫೀಸನ್ನು ವಕೀಲರ ಪರಿಷತ್ತಿನ ನಿಯಮ ಒಪ್ಪುವುದಿಲ್ಲ. ಖಾಲಿ ಹಾಳೆಗೆ ಸಹಿ ಬೇಡ. ಕೊಟ್ಟ ಹಣಕ್ಕೆ ರಸೀದಿ ಇರಲಿ. ಸಿಎನ್‌ಆರ್ ಸಂಖ್ಯೆ ಅವಳ ಫೋನಿನಲ್ಲಿರಲಿ. ಹಣವಿಲ್ಲವೆಂದು ಕುಗ್ಗಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವು ಸಿಗುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಆ ಸಮಿತಿಯ ಬೋರ್ಡಿನ ಮುಂದೆ ನಾನು ಎಷ್ಟೋ ಸಲ ನಡೆದು ಹೋಗಿದ್ದೆ, ಒಮ್ಮೆಯೂ ನಿಂತು ಓದಿರಲಿಲ್ಲ.

ಎಲ್ಲಕ್ಕಿಂತ ಮೊದಲು ಒಂದನ್ನು ಗಮನಿಸಿ. ಆ ವಕೀಲರು ಮೊದಲ ಪ್ರಶ್ನೆ ಯಾರಿಗೆ ಕೇಳಿದರು? ಅವಳಿಗೆ ಕೇಳಿದ್ದರೆ ಕುಳಿತುಕೊಳ್ಳಿ. ನಿಮಗೆ ಕೇಳಿದ್ದರೆ ಎದ್ದು ಬನ್ನಿ. ಬಾಳು ಅವಳದು, ವಕಾಲತ್ತಿನ ಮೇಲಿನ ಸಹಿ ಅವಳದು. ವಕೀಲರನ್ನು ಆರಿಸುವ ಮಾತೂ ಅವಳದೇ ಆಗಿರಲಿ. ಅಣ್ಣನಾದವನ ಕೆಲಸ ಬಸ್ಸಿನ ಟಿಕೆಟ್ ತೆಗೆಸಿ ಜೊತೆಗೆ ಹೋಗುವುದು, ಅವಳು ಒಳಗೆ ಮಾತಾಡುವಷ್ಟು ಹೊತ್ತು ಹೊರಗೆ ಕಾದು ಕೂರುವುದು.