ಮೂವತ್ತೆರಡನೆಯ ಹೆಸರು

ಹಿಮವನ್ನು ನಾನು ಕಣ್ಣಾರೆ ಕಂಡವನಲ್ಲ. ವಿಜಯಪುರದ ಎರೆಯ ಸೀಮೆಯಲ್ಲಿ ಹುಟ್ಟಿ, ಇದೇ ಪಟ್ಟಣದ ಶಾಲೆಯೊಂದರಲ್ಲಿ ಮೂವತ್ತು ವರುಷ ಗಣಿತವನ್ನು ಕಲಿಸಿ ನಿವೃತ್ತನಾದ ನನಗೆ ಬಿಳುಪೆಂದರೆ ಬಿಳಿಜೋಳದ ರಾಶಿಯೇ ಸರಿ. ಆದರೆ ಸ್ವೀಡನ್ ದೇಶದಲ್ಲಿ ಉದ್ಯೋಗದಲ್ಲಿರುವ ನನ್ನ ತಂಗಿಯ ಮಗನು ಕಳೆದ ಮಾಗಿಯಲ್ಲಿ ಬರೆದ ದೀರ್ಘವಾದ ಪತ್ರವು ನನ್ನನ್ನು ಹಿಮದ ವಿಷಯವಾಗಿ ಯೋಚಿಸುವಂತೆ ಮಾಡಿತು. ಅಲ್ಲಿಯ ಜನರು ಕಾಲಿಗೆ ಉದ್ದವಾದ ಸಪೂರ ಹಲಗೆಗಳನ್ನು ಕಟ್ಟಿಕೊಂಡು, ಹಿಮದ ಬಯಲಿನಲ್ಲಿ ಹತ್ತಾರು ಮೈಲು ಜಾರುತ್ತ ಸಾಗುವರಂತೆ. ಅದಕ್ಕೆ ಸ್ಕೀ ಎಂದು ಹೆಸರು. ಅವನಿರುವ ಊರಿನಲ್ಲಿ ಊರವರದೇ ಒಂದು ಸ್ಕೀ ಸಂಘವಿದ್ದು, ಅದರಲ್ಲಿ ಸಂಬಳದ ಆಳು ಒಬ್ಬನೂ ಇಲ್ಲ. ನಸುಕಿನಲ್ಲಿ ಎದ್ದು ಯಂತ್ರದಿಂದ ಹಿಮವನ್ನು ಒತ್ತಿ ಎರಡು ಸಮಾನಾಂತರ ಗೆರೆಗಳನ್ನು ಮೂಡಿಸುವವರು, ಮಕ್ಕಳ ಹಲಗೆಗಳಿಗೆ ಮೇಣ ತಿಕ್ಕುವವರು, ಹಣ್ಣಿನ ಸಾರನ್ನು ಬಿಸಿಮಾಡಿ ಹಂಚುವವರು, ಎಲ್ಲರೂ ಸ್ವಯಂಸೇವಕರೇ. ಇಷ್ಟನ್ನು ವರ್ಣಿಸಿ ಕೊನೆಗೆ, “ಮಾಮಾ, ನಿಮ್ಮಲ್ಲಿ ಹಿಮವಿಲ್ಲ, ಚಳಿಗಾಲದಲ್ಲಿ ನೀವೇನು ಮಾಡುತ್ತೀರಿ?” ಎಂದು ಕೇಳಿದ್ದನು. ಅವನಿಗೆ ಬರೆದ ಉತ್ತರವನ್ನೇ ತುಸು ವಿಸ್ತರಿಸಿ ವಾಚಕರ ಮುಂದಿಡುತ್ತಿರುವೆನು.

ನಮ್ಮಲ್ಲಿ ಹಿಮವಿಲ್ಲದಿದ್ದರೂ ಚಳಿಯಿಲ್ಲವೆಂದಲ್ಲ. ಮಾರ್ಗಶಿರ ಪುಷ್ಯ ಮಾಸಗಳಲ್ಲಿ ಬೆಳಗಿನ ಉಷ್ಣತೆಯು ೧೦ ಅಂಶದ ಆಸುಪಾಸಿಗೆ ಇಳಿಯುವದುಂಟು. ಬಯಲುಸೀಮೆಯಾದುದರಿಂದ ಗಾಳಿಯನ್ನು ತಡೆಯಲು ಗುಡ್ಡವಿಲ್ಲ, ಗಿಡವಿಲ್ಲ. ಆದರೂ ಸೈಕಲ್ಲಿಗೆ ಇದೇ ಸುಗ್ಗಿಯ ಕಾಲ. ನಮ್ಮ ಜಿಲ್ಲೆಗೂ ನೆರೆಯ ಬಾಗಲಕೋಟೆಗೂ ಸೈಕಲ್ ಓಟದಲ್ಲಿ ನಾಡಿನಲ್ಲೆಲ್ಲ ಹೆಸರಿದೆ. ಜಾತ್ರೆಗಳಲ್ಲಿ ಕುಸ್ತಿಯಂತೆ ಸೈಕಲ್ ಪಂದ್ಯವನ್ನೂ ನೋಡಿ ಬೆಳೆದ ಜನರು ನಾವು. ಆದರೆ ಪದಕ ಗೆಲ್ಲುವವರ ಮಾತು ಬೇರೆ. ನಾನು ಹೇಳಹೊರಟಿರುವದು ಎಂದಿಗೂ ಗೆಲ್ಲದ, ಆದರೂ ರವಿವಾರ ನಸುಕಿನಲ್ಲಿ ಗೋಲಗುಮ್ಮಟದ ಮುಂದೆ ಕೈಯುಜ್ಜಿಕೊಳ್ಳುತ್ತ ನೆರೆಯುವ ನಮ್ಮ ಬಳಗದ ಮಾತು.

ಬಳಗವೆಂದರೆ ದೊಡ್ಡದೇನಲ್ಲ. ಔಷಧಿಯ ಅಂಗಡಿಯವರೊಬ್ಬರು, ಇಬ್ಬರು ಶಿಕ್ಷಕಿಯರು, ಸೈಕಲ್ ರಿಪೇರಿಯ ಒಬ್ಬ ತರುಣ, ಪೆನ್ಶನ್ ಪಡೆಯುವ ನಾವು ಮೂವರು. ದೀಪಾವಳಿಯಿಂದ ಶಿವರಾತ್ರಿಯವರೆಗೆ ನಮ್ಮ ಕೆಲಸ. ಹಿಂದಿನ ಸಂಜೆಯೇ ಶೇಂಗಾ ಬೆಲ್ಲದ ಉಂಡೆ ಕಟ್ಟುವದು, ಗಾಲಿಗಳಿಗೆ ಗಾಳಿ ಹಾಕಿಡುವದು, ನೆಗ್ಗಿಲ ಮುಳ್ಳಿಗೆ ಬಲಿಯಾದ ಟ್ಯೂಬುಗಳಿಗೆ ಪಂಕ್ಚರ್ ಹಚ್ಚುವದು. ಎಲ್ಲಕ್ಕೂ ಮುಖ್ಯವಾದುದು ಪ್ರತಿಯೊಂದು ಸೈಕಲ್ಲಿನ ಹಿಂದೆ ಬೆಳಕಿಗೆ ಹೊಳೆಯುವ ಕೆಂಪು ಪಟ್ಟಿ ಅಂಟಿಸುವದು. ಏಕೆಂದರೆ ಇದು ಕಬ್ಬು ನುರಿಸುವ ಕಾಲ; ಎರಡೆರಡು ಟ್ರೇಲರುಗಳನ್ನು ಎಳೆಯುತ್ತ, ಎರಡೂ ಬದಿಗೆ ಕಬ್ಬು ಚಾಚಿಕೊಂಡು, ಟ್ರಾಕ್ಟರುಗಳು ಇರುಳೆಲ್ಲ ಕಾರಖಾನೆಯ ಕಡೆಗೆ ಸಾಗುತ್ತಿರುತ್ತವೆ.

ಚಿಕ್ಕ ಮಕ್ಕಳು ನರಸಿಂಹನ ತೊರವಿಯವರೆಗೆ ಹೋಗಿ ಹಿಂದಿರುಗುವರು. ಕುಮಾರವಾಲ್ಮೀಕಿಯ ರಾಮಾಯಣಕ್ಕೆ ಹೆಸರಿತ್ತ ಆ ಊರು ಪಟ್ಟಣಕ್ಕೆ ಸಮೀಪವೇ. ದೊಡ್ಡವರು ಅದೇ ಅಥಣಿಯ ಹಾದಿಯಲ್ಲಿ ಮುಂದುವರಿದು ತಿಕೋಟಾ ಮುಟ್ಟಿ, ಅಲ್ಲಿಂದ ತೆಂಕಣಕ್ಕೆ ಹೊರಳಿ ಬಬಲೇಶ್ವರಕ್ಕೆ ಬಂದು, ಸಾರವಾಡದ ಬಳಿ ಡೋಣಿಯನ್ನು ದಾಟಿ ಮರಳಿ ಪಟ್ಟಣ ಸೇರುವರು. ಗಣಿತದವನಾದ ನನಗೆ ಇದು ೬೫ ಕಿಲೋಮೀಟರು ಸುತ್ತಳತೆಯ ಒಂದು ತ್ರಿಕೋನ. ತಿಕೋಟಾ ಬಬಲೇಶ್ವರಗಳು ೨೦೧೮ರಲ್ಲಿ ತಾಲೂಕಿನ ಊರುಗಳಾದವು. ಅದಕ್ಕೂ ಮೊದಲಿನಿಂದ ತಿಕೋಟಾದ ದ್ರಾಕ್ಷಿಗೆ ಹೆಸರಿತ್ತು. ಕೃಷ್ಣೆಯ ನೀರು ಏತ ನೀರಾವರಿಯಿಂದ ಮೇಲಕ್ಕೆ ಬಂದ ಮೇಲಂತೂ ಜೋಳದ ಹೊಲಗಳ ನಡುನಡುವೆ ಹಸಿರು ಚಪ್ಪರಗಳು ಹೆಚ್ಚಿವೆ. ಹೊತ್ತು ಮೂಡುವಾಗ ಆ ಹಾದಿಯಲ್ಲಿ ಸಾಗುವದು ಸುಖದ ಸಂಗತಿಯೇ ಅಹುದು.

ಕೆಲವು ವರುಷಗಳ ಹಿಂದೆ ಎಳ್ಳ ಅಮಾವಾಸ್ಯೆಯು ರವಿವಾರವೇ ಬಂದಿತ್ತು. ಅಂದು ಸಾರವಾಡದ ಠಾಣೆ ನನ್ನದು. ಬಂದವರಿಗೆ ಚಹ, ಉಂಡೆ ಕೊಡುವದು, ಎಣಿಸುವದು, ಎಲ್ಲರೂ ದಾಟಿದ ಮೇಲೆ ಹೊರಡುವದು. ಗೋಲಗುಮ್ಮಟದಲ್ಲಿ ಬರೆದ ಪಟ್ಟಿಯಲ್ಲಿ ಮೂವತ್ತೊಂದು ಹೆಸರುಗಳಿದ್ದವು. ಒಂಬತ್ತೂವರೆಯ ಸುಮಾರಿಗೆ ಮೂವತ್ತೊಂದನೆಯ ಸೈಕಲ್ ದಾಟಿತು. ಮನೆಯಲ್ಲಿ ಹಬ್ಬದ ಅಡಿಗೆ ಕಾದಿತ್ತು. ನಾನು ಲೆಕ್ಕ ಸರಿಹೋಯಿತೆಂಬ ಸಮಾಧಾನದಿಂದ ಕೆಟಲು, ಬುಟ್ಟಿಗಳನ್ನು ಕಟ್ಟಿಕೊಂಡು ಊರಿಗೆ ಬಂದೆನು.

ಹನ್ನೊಂದು ಗಂಟೆಗೆ ಫೋನು ಬಂದಿತು. ತಿಕೋಟಾದ ಒಬ್ಬ ಗೃಹಸ್ಥನದು; ಬೇರೊಬ್ಬರ ದ್ರಾಕ್ಷಿತೋಟದಲ್ಲಿ ದುಡಿಯುವವನು. ಅವನ ಮಗಳು ಎಂಟನೆಯ ಇಯತ್ತೆಯವಳು. ೨೦೦೬ರ ಸುಮಾರಿಗೆ ಸರಕಾರವು ಆ ಇಯತ್ತೆಯ ಮಕ್ಕಳಿಗೆ ಸೈಕಲ್ ಹಂಚುವ ಯೋಜನೆಯನ್ನು ಆರಂಭಿಸಿತಷ್ಟೆ. ಹಾಗೆ ಅವಳ ಅಕ್ಕನಿಗೆ ಸಿಕ್ಕಿದ್ದ ಸೈಕಲ್ಲಿನ ಮೇಲೆ ಅವಳು ಅಂದು ಮೊದಲ ಸಲ ತ್ರಿಕೋನ ಸುತ್ತಲು ಹೊರಟಿದ್ದಳು. “ಹೆಣ್ಣು ಹುಡುಗಿ, ಇಷ್ಟು ದೂರ ಯಾಕ?” ಎಂದು ಹಿಂಜರಿದ ತಂದೆಗೆ, “ನನ್ನ ಮೇಲೆ ಭಾರ ಹಾಕಿರಿ” ಎಂದು ಮಾತು ಕೊಟ್ಟು ಫೋನಿನ ನಂಬರನ್ನೂ ಕೊಟ್ಟವನು ನಾನೇ.

“ಮಾಸ್ತರ, ನಮ್ಮ ಹುಡುಗಿ ಎಲ್ಲಿ ಅದಾಳ್ರಿ?” ಎಂದು ಅವನು ಕೇಳಿದನು.

“ಎಲ್ಲರೂ ಬಂದು ಮುಟ್ಟಿದ್ದಾರೆ. ಬಸ್ ಹಿಡಿದಿರಬೇಕು” ಎಂದೆನು.

ಅತ್ತ ಕಡೆ ತುಸು ಹೊತ್ತು ಮೌನ. ಆಮೇಲೆ ಅವನೆಂದನು: “ಇಲ್ಲರಿ. ಆಕಿ ಬಬಲೇಶ್ವರ ದಾಟಿದ ಮ್ಯಾಲ ಒಬ್ಬರ ಹೊಲದಾಗ ಕುಂತಾಳ. ಅವರ ಫೋನಿನಿಂದ ನನಗ ಮಾತಾಡಿದಳು.”

ನನ್ನ ಕೈಕಾಲುಗಳಲ್ಲಿ ಬಲವೇ ಉಳಿಯಲಿಲ್ಲ. ಔಷಧಿಯಂಗಡಿಯವರ ಮೋಟಾರು ಸೈಕಲ್ಲಿನ ಹಿಂದೆ ಕುಳಿತು ಹೋದೆನು. ಸಂಗತಿ ಹೀಗೆ ನಡೆದಿತ್ತು: ಕಬ್ಬಿನ ಟ್ರಾಕ್ಟರೊಂದಕ್ಕೆ ಹಾದಿ ಬಿಡಲು ಅವಳು ಡಾಂಬರಿನಿಂದ ಕೆಳಗಿಳಿದಿದ್ದಳು, ಮುಂದಿನ ಗಾಲಿಯು ಎರೆಯ ಬಿರುಕಿನಲ್ಲಿ ಸಿಕ್ಕು ಸೊಟ್ಟಾಗಿ, ಅವಳು ಬಿದ್ದು ಮೊಣಕಾಲಿಗೆ ಪೆಟ್ಟಾಗಿತ್ತು. ಎಲ್ಲರಿಗಿಂತ ಹಿಂದೆ ಇದ್ದವಳಾದುದರಿಂದ ಕಂಡವರಿಲ್ಲ. ಯಾರಾದರೂ ಹುಡುಕಿ ಬರುವರೆಂದು ಜಾಲಿಯ ಗಿಡದ ಕೆಳಗೆ ಒಂದು ತಾಸು ಕುಳಿತಿದ್ದಳಂತೆ. ಯಾರೂ ಬರಲಿಲ್ಲ. ಚರಗ ಚೆಲ್ಲಲು ಹೊಲಕ್ಕೆ ಹೊರಟ ಒಂದು ಮನೆತನದವರು ಅವಳನ್ನು ತಮ್ಮ ಬಂಡಿಯಲ್ಲಿ ಕುಳ್ಳಿರಿಸಿಕೊಂಡರು. ನಾವು ಹೋದಾಗ ಅವಳ ಮೊಣಕಾಲಿಗೆ ಅರಿಷಿಣ ಮೆತ್ತಿತ್ತು. ಕೈಯಲ್ಲಿ ಶೇಂಗಾ ಹೋಳಿಗೆಯಿತ್ತು. ಆ ಮನೆಯ ಮುದುಕಿಯು ನಮಗೂ ಎಲೆ ಹಾಕಿಸಿದಳು. ಸಜ್ಜೆಯ ಕಡುಬು ನನ್ನ ಗಂಟಲಿನಲ್ಲಿ ಇಳಿಯಲೊಲ್ಲದು.

ಮುಂದಿನ ಎರಡು ರವಿವಾರ ಅವಳು ಬರಲಿಲ್ಲ. ಅವಳ ಓಣಿಯ ಬೇರೆ ಮೂವರು ಹುಡುಗಿಯರೂ ಬರಲಿಲ್ಲ. ನಮ್ಮ ಬಳಗದಲ್ಲಿ ಕೆಲವರು, “ಪಟ್ಟಣದ ಮಕ್ಕಳಷ್ಟೇ ಸಾಕು, ಹಳ್ಳಿಯವರ ಹೊಣೆ ಬೇಡ” ಎಂದರು. ಮೂರನೆಯ ವಾರ ನಾನು ಒಬ್ಬನೇ ತಿಕೋಟಾಕ್ಕೆ ಹೋದೆನು. ಕ್ಷಮೆ ಬೇಡಬೇಕೆಂದು ಹೋಗಿದ್ದೆನೆಂಬುದು ನಿಜ; ಆದರೆ ಒಳಗೊಳಗೆ ನನ್ನ ಎಣಿಕೆ ತಪ್ಪಿರಲಿಲ್ಲವೆಂದು ಹೇಳಿಕೊಳ್ಳುವ ಆಸೆಯೂ ಇದ್ದಿತು. ಚಹ ಕುಡಿಯುತ್ತ ಅದನ್ನು ಹೇಳಿಯೂ ಬಿಟ್ಟೆನು.

ಆ ಗೃಹಸ್ಥನು ಸಿಟ್ಟಾಗಲಿಲ್ಲ. “ಖರೇ ಅದರಿ ಮಾಸ್ತರ. ಮೂವತ್ತೊಂದು ಬರಕೊಂಡಿದ್ರಿ, ಮೂವತ್ತೊಂದು ಎಣಿಸಿದ್ರಿ. ಆದರ ನಮ್ಮ ಹುಡುಗಿ ಎಷ್ಟನೇದಾಕಿ ಇದ್ಲು?”

ಆಯುಷ್ಯವೆಲ್ಲ ಗಣಿತ ಕಲಿಸಿದ ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಪಟ್ಟಿಯು ಗೋಲಗುಮ್ಮಟದ ಮುಂದೆ ಬರೆದದ್ದು. ಅವಳು ತಿಕೋಟಾದಲ್ಲಿ ಕೂಡಿಕೊಂಡವಳು. ಹಾದಿಯಲ್ಲಿ ಬಂದು ಸೇರುವವರನ್ನು ಬರೆದುಕೊಳ್ಳಬೇಕೆಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಲೆಕ್ಕ ಸರಿಯಾಗಿತ್ತು, ಆ ಲೆಕ್ಕದಲ್ಲಿ ಅವಳೇ ಇರಲಿಲ್ಲ.

ಹುಡುಗಿಯು ಬಾಗಿಲಿಗೆ ಆತು ನಿಂತಿದ್ದಳು. “ಸರ, ಗಾಲಿ ಸೊಟ್ಟ ತಗಿಸೀನ್ರಿ” ಎಂದಳು. ತಂದೆ ಅವಳ ಮುಖವನ್ನು ನೋಡಿ, ನನ್ನ ಕಡೆಗೆ ತಿರುಗಿ, “ಹಂಗಾದರ ಎಲ್ಲಾರಕಿಂತ ಕಡೀಕ ಯಾರು ಬರ್ತೀರಿ?” ಎಂದನು. ನಾನೇ ಬರುವೆನೆಂದೆನು. ಅವನು ನನ್ನ ನೆರೆತ ತಲೆಯನ್ನೂ ಅಂಗಳದಲ್ಲಿದ್ದ ನನ್ನ ಹಳೆಯ ಸೈಕಲ್ಲನ್ನೂ ನೋಡಿ ನಕ್ಕು, “ನಿಮ್ಮ ಹಿಂದಂತೂ ಯಾರೂ ಉಳಿಯೂದಿಲ್ಲ ಬಿಡ್ರಿ” ಎಂದನು.

ಅಂದಿನಿಂದ ನಮ್ಮಲ್ಲಿ ವಹಿಗಳು ಮೂರು: ಗೋಲಗುಮ್ಮಟದಲ್ಲೊಂದು, ತಿಕೋಟಾದಲ್ಲೊಂದು, ಬಬಲೇಶ್ವರದಲ್ಲೊಂದು. ಪ್ರತಿ ಠಾಣೆಯಲ್ಲಿಯೂ ಸಂಖ್ಯೆಯನ್ನಲ್ಲ, ಹೆಸರನ್ನು ಕೂಗಿ ಗುರುತು ಹಾಕತಕ್ಕದ್ದು. ಎಲ್ಲರ ಹಿಂದೆ ಬರುವವನು ಮುಟ್ಟುವ ವರೆಗೆ ಯಾವ ಠಾಣೆಯೂ ಏಳಕೂಡದು. ಆ ಹಿಂದಿನವನ ಕೆಲಸ ನನ್ನದು.

ಈ ಕಥೆಯನ್ನು ಓದಿದ ಸೋದರಳಿಯನು ತನ್ನ ಮುಂದಿನ ಪತ್ರದಲ್ಲಿ ಅಲ್ಲಿಯ ಒಂದು ಸಂಗತಿಯನ್ನು ತಿಳಿಸಿದನು. ಸ್ವೀಡನ್ನಿನಲ್ಲಿ ವಾಸಾಲೊಪ್ಪೆಟ್ ಎಂಬ ೯೦ ಕಿಲೋಮೀಟರಿನ ದೊಡ್ಡ ಸ್ಕೀ ಓಟವುಂಟು, ೧೯೨೨ರಲ್ಲಿ ಆರಂಭವಾದದ್ದು. ೧೫೨೧ರ ಸುಮಾರಿಗೆ ಗುಸ್ತಾವ್ ವಾಸಾ ಎಂಬವನು ಡೆನ್ಮಾರ್ಕಿನ ದೊರೆಯ ಮೇಲೆ ಏಳಿರೆಂದು ಮೂರಾ ಎಂಬ ಊರಿನ ಜನರನ್ನು ಬೇಡಿಕೊಂಡನು. ಅವರು ಹಿಂದೆಗೆಯಲು, ನಿರಾಶನಾಗಿ ನಾರ್ವೆಯ ಕಡೆಗೆ ಹೊರಟನು. ತರುವಾಯ ಆ ಜನರಿಗೆ ಪಶ್ಚಾತ್ತಾಪವಾಗಿ, ಇಬ್ಬರನ್ನು ಸ್ಕೀಗಳ ಮೇಲೆ ಅವನ ಬೆನ್ನು ಹಿಡಿದು ಕಳಿಸಿ, ಸಾಲೆನ್ ಎಂಬಲ್ಲಿ ಅವನನ್ನು ಕೂಡಿಕೊಂಡು ಮರಳಿ ಕರೆತಂದರೆಂದು ಪ್ರತೀತಿ. ಮುಂದೆ ಅವನೇ ಆ ನಾಡಿನ ಅರಸನಾದನು. ಇಂದಿಗೂ ಸಾವಿರಾರು ಜನರು ಸಾಲೆನ್ನಿನಿಂದ ಮೂರಾಕ್ಕೆ ಓಡುವದು ಆ ನೆನಪಿಗಾಗಿ. ನೋಡಿರಿ, ಅಷ್ಟು ದೊಡ್ಡ ಓಟದ ಬುಡದಲ್ಲಿರುವದು ಬಿಟ್ಟುಹೋದ ಒಬ್ಬನನ್ನು ಹುಡುಕಿಕೊಂಡು ಹಿಂದಕ್ಕೆ ಹೋದ ಕಥೆ! ಆದರೆ ಅದೇ ಓಟದಲ್ಲಿ ೧೯೨೩ರಲ್ಲಿ ಮಾರ್ಗಿಟ್ ನೂರ್ಡಿನ್ ಎಂಬ ಮಹಿಳೆಯು ತುದಿ ಮುಟ್ಟಿದ ಮರುವರುಷವೇ ಹೆಂಗಸರಿಗೆ ಪ್ರವೇಶವಿಲ್ಲವೆಂದರು. ೧೯೮೧ರ ವರೆಗೆ ಅವರ ಹೆಸರು ಪಟ್ಟಿಗೆ ಏರಲಿಲ್ಲ. ಅಂದಮೇಲೆ ಪಟ್ಟಿಯ ದೋಷವು ನಮ್ಮ ಊರಿಗಷ್ಟೇ ಸೇರಿದ್ದಲ್ಲ.

ಈಗ ಮತ್ತೆ ಚಳಿ ಬಿದ್ದಿದೆ. ಆ ಹುಡುಗಿಯು ಕಾಲೇಜಿಗೆ ಹೋಗುತ್ತಿದ್ದಾಳೆ; ತಿಕೋಟಾದ ವಹಿಯು ಅವಳ ಕೈಯಲ್ಲಿದೆ. ಹೋದ ರವಿವಾರ ನಾನು ಎಂದಿನಂತೆ ಎಲ್ಲರಿಗಿಂತ ತಡವಾಗಿ ಮುಟ್ಟಿ, ಅವಳ ಪಟ್ಟಿಯನ್ನು ಇಸಿದುಕೊಂಡು ಕಣ್ಣಾಡಿಸಿದೆನು. ಎಲ್ಲ ಹೆಸರುಗಳ ಕೆಳಗೆ ಇನ್ನೊಂದು ಹೆಸರಿತ್ತು. ಇಷ್ಟು ವರುಷ ಯಾವ ವಹಿಯಲ್ಲಿಯೂ ಅದನ್ನು ಯಾರೂ ಬರೆದಿರಲಿಲ್ಲ; ನನಗೂ ಬರೆಯಬೇಕೆಂದು ತೋರಿರಲಿಲ್ಲ. ಅದು ನನ್ನದು.