ಸ್ಪ್ರಿಂಗಿಗೆ ಗಾಳಿ ಗೊತ್ತಿಲ್ಲ

1929ರಲ್ಲಿ ಆರ್ಗನ್ ವಾದ್ಯ ತಯಾರಿಸುವವರ ಮನೆತನದಿಂದ ಒಂದು ವಿಮಾನ ಹೊರಬಂತು. ಅದು ಹಾರುತ್ತಿರಲಿಲ್ಲ. ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ನಿನ ಎಡ್ವಿನ್ ಲಿಂಕ್ ಎಂಬಾತ ವಾದ್ಯದ ತಿದಿ, ಗಾಳಿಪಂಪುಗಳನ್ನೇ ಬಳಸಿ ಗಿಡ್ಡ ರೆಕ್ಕೆಯ ಒಂದು ಪೆಟ್ಟಿಗೆ ಮಾಡಿದ್ದ. ಒಳಗೆ ಕೂತು ಕೋಲನ್ನು ಎಳೆದರೆ ಅದು ಮೂತಿ ಎತ್ತುತ್ತಿತ್ತು, ಪೆಡಲ್ ಒತ್ತಿದರೆ ತಿರುಗುತ್ತಿತ್ತು. ಮೊದಮೊದಲು ಅದನ್ನು ಕೊಂಡವರು ಮಕ್ಕಳನ್ನು ಕೂರಿಸಿ ಆಡಿಸುವ ಪಾರ್ಕಿನವರು. 1934ರಲ್ಲಿ ಅಮೆರಿಕದ ಸೇನಾ ಪೈಲಟ್‌ಗಳು ಅಂಚೆ ಸಾಗಿಸಲು ಹೋಗಿ ಮೋಡ, ಮಂಜುಗಳಲ್ಲಿ ದಾರಿ ತಪ್ಪಿ ಸಾಯತೊಡಗಿದರು. ಆಗ ಸೈನ್ಯ ಇಂಥ ಆರು ಪೆಟ್ಟಿಗೆಗಳನ್ನು ಕೊಂಡಿತು. ಮುಚ್ಚಳ ಹಾಕಿದರೆ ಹೊರಗಿನದೇನೂ ಕಾಣದು. ಆಕಾಶವಿಲ್ಲ, ನೆಲವಿಲ್ಲ, ಎದುರಿಗೆ ಮೀಟರುಗಳು, ಕೈಯಲ್ಲೊಂದು ಕೋಲು, ಕಾಲಡಿಯಲ್ಲಿ ಪೆಡಲ್ಲು. ಎರಡನೇ ಮಹಾಯುದ್ಧದಲ್ಲಿ ಹಾರಿದ ಅಸಂಖ್ಯ ಪೈಲಟ್‌ಗಳು ಹೀಗೆ ಕತ್ತಲಲ್ಲಿ ಕೂತು ಕಲಿತವರೇ.

ಮನೆಯಲ್ಲಿ ಸಿಮ್ಯುಲೇಟರ್ ಹೂಡುವವರು ಗ್ರಾಫಿಕ್ಸ್ ಕಾರ್ಡಿನ ಚರ್ಚೆಯಲ್ಲಿ ಮುಳುಗಿದಾಗೆಲ್ಲ ನನಗೆ ಈ ಕುರುಡು ಪೆಟ್ಟಿಗೆ ನೆನಪಾಗುತ್ತದೆ. ಈಗಿನ ಪರದೆಗಳಲ್ಲಿ ಮೋಡ ಮೋಡದ ಹಾಗೇ ಇರುತ್ತದೆ, ಲಾಲ್‌ಬಾಗ್ ಕೆರೆಯೂ ಅದರ ಜಾಗದಲ್ಲೇ ಇರುತ್ತದೆ. ಸಂತೋಷ. ಕಣ್ಣನ್ನು ಒಪ್ಪಿಸುವುದು ಸುಲಭ. ಅಂಗೈಯೂ ಅಂಗಾಲೂ ಅಷ್ಟು ಬೇಗ ಮೋಸ ಹೋಗುವುದಿಲ್ಲ. ಬ್ಯಾಂಕಿನ ಕೆಲಸದಿಂದ ನಿವೃತ್ತನಾಗಿ ಈ ಹುಚ್ಚಿಗೆ ಬಿದ್ದ ನಾನು ಬಹುಪಾಲು ಹೊತ್ತು ಕಳೆದಿದ್ದು ಹಾರಾಟದಲ್ಲಲ್ಲ, ಕೈಗೆ ಏನು ಹಿಡಿದುಕೊಳ್ಳಬೇಕೆಂಬ ಯೋಚನೆಯಲ್ಲಿ. ಆ ಯೋಚನೆಯ ಸುಖವೇ ಬೇರೆ. ಕೊಂಡಮೇಲೆ ಅದು ಬರೀ ಪ್ಲಾಸ್ಟಿಕ್ಕು. ಕೊಳ್ಳುವವರೆಗೆ ಅದು ವಿಮಾನ.

ಬರೀ ಕೀಬೋರ್ಡಿನಿಂದಲೂ ಹಾರಬಹುದು. ಬ್ರೂಸ್ ಆರ್ಟ್‌ವಿಕ್ ಬರೆದ ಫ್ಲೈಟ್ ಸಿಮ್ಯುಲೇಟರನ್ನು ಮೈಕ್ರೋಸಾಫ್ಟ್ 1982ರಲ್ಲಿ ಮಾರುಕಟ್ಟೆಗೆ ತಂದಾಗ ಎಷ್ಟೋ ಜನ ಕೀಲಿಗಳನ್ನು ಕುಟ್ಟಿಕೊಂಡೇ ಶಿಕಾಗೋ ಕೆರೆದಂಡೆಯ ಮೀಗ್ಸ್ ಫೀಲ್ಡ್‌ನಿಂದ ಮೇಲೆದ್ದರು. (ಆ ನಿಲ್ದಾಣ ಈಗಿಲ್ಲ. 2003ರ ಮಾರ್ಚ್ ಕೊನೆಯ ಒಂದು ರಾತ್ರಿ ಶಿಕಾಗೋದ ಮೇಯರ್ ಬುಲ್ಡೋಜರ್ ಕಳಿಸಿ ರನ್‌ವೇ ಅಗೆಸಿಹಾಕಿದರು. ಹಳೆಯ ತಂತ್ರಾಂಶ ಇಟ್ಟುಕೊಂಡವರ ಮನೆಯಲ್ಲಿ ಮಾತ್ರ ಅದು ಇನ್ನೂ ಉಳಿದಿದೆ.) ಆದರೆ ಕೀಲಿಗೆ ಒತ್ತು, ಬಿಡು ಎರಡೇ ಗೊತ್ತು. ವಿಮಾನ ಕೇಳುವುದು ಇವೆರಡರ ನಡುವಿನದನ್ನು. ಇಳಿಯುವ ಕೊನೆಯ ಕ್ಷಣದಲ್ಲಿ ಮೂತಿಯನ್ನು ಒಂದಿಷ್ಟೇ ಇಷ್ಟು ಎತ್ತಬೇಕಲ್ಲ, ಆ 'ಒಂದಿಷ್ಟೇ ಇಷ್ಟು' ಕೀಬೋರ್ಡಿನಲ್ಲಿ ಇಲ್ಲ.

ಹಾಗಾದರೆ ಜಾಯ್‌ಸ್ಟಿಕ್ಕೋ ಯೋಕೋ? ಮನೆಯ ಹಾರಾಟಗಾರರಲ್ಲಿ ಇದಕ್ಕಿಂತ ಬಿಸಿಯಾದ ಜಗಳವಿಲ್ಲ. ಯೋಕ್ ಎಂದರೆ ಮೇಲರ್ಧ ಕತ್ತರಿಸಿ ತೆಗೆದ ಕಾರಿನ ಸ್ಟೀರಿಂಗ್‌ನಂಥದು. ತಿರುಗಿಸಿದರೆ ವಿಮಾನ ಓರೆಯಾಗುತ್ತದೆ, ಎಳೆದರೆ ಏರುತ್ತದೆ. ನೋಡಲು ಗಂಭೀರ. ಮನೆಗೆ ಬಂದ ನೆಂಟರು ಜಾಯ್‌ಸ್ಟಿಕ್ ಕಂಡರೆ 'ಆಟವಾಡ್ತೀರಾ?' ಎಂದು ಕೇಳುತ್ತಾರೆ, ಯೋಕ್ ಕಂಡರೆ ಕೈಕಟ್ಟಿ ನಿಲ್ಲುತ್ತಾರೆ. ಆದರೆ ಇದು ಗಾಂಭೀರ್ಯದ ಪ್ರಶ್ನೆಯಲ್ಲ, ನೀವು ಯಾವ ವಿಮಾನ ಹಾರಿಸುತ್ತೀರಿ ಎಂಬುದರ ಪ್ರಶ್ನೆ.

ಸೆಸ್ನಾ 172 ತೆಗೆದುಕೊಳ್ಳಿ. 1956ರಿಂದ ತಯಾರಾಗುತ್ತಿರುವ, ನಲವತ್ತು ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ಕಾರ್ಖಾನೆ ಬಿಟ್ಟುಬಂದ ನಾಲ್ಕು ಸೀಟಿನ ವಿಮಾನ. ಅದರ ಯೋಕಿನ ದಂಡ ಎದುರಿನ ಫಲಕದೊಳಗೆ ಸರಿದು ಹೊರಬರುತ್ತದೆ. ಮನೆಬಳಕೆಯ ಯೋಕುಗಳು ಹೆಚ್ಚಾಗಿ ಇದರದೇ ನಕಲು. ಬೋಯಿಂಗ್ 737ರದು ಹಾಗಲ್ಲ, ಅದರ ಕಂಬ ನೆಲದಿಂದಲೇ ಎದ್ದು ಬಂದಿರುತ್ತದೆ, ಎಳೆದರೆ ಕಂಬವೇ ಹಿಂದಕ್ಕೆ ಬಾಗುತ್ತದೆ. ಥ್ರಸ್ಟ್‌ಮಾಸ್ಟರ್‌ನವರ ಬೋಯಿಂಗ್ ಯೋಕು ಆ ಬಾಗನ್ನು ಮೇಜಿನ ಮೇಲೆ ತರಲು ಲೋಲಕದ ಉಪಾಯ ಹೂಡಿದೆ. ಲಾಜಿಟೆಕ್‌ನವರ ಹಳೆಯ ಯೋಕು ಎಡಕ್ಕೂ ಬಲಕ್ಕೂ 45 ಡಿಗ್ರಿ ಮಾತ್ರ ತಿರುಗಿದರೆ, ಹನಿಕೋಂಬ್ ಕಂಪನಿಯ ಆಲ್ಫಾ ಒಂದೊಂದು ಕಡೆಗೂ 90 ಡಿಗ್ರಿ ತಿರುಗುತ್ತದೆ. ಕಾಗದದ ಮೇಲೆ ಸಣ್ಣ ಅಂಕಿ. ಅಡ್ಡಗಾಳಿಯಲ್ಲಿ ರೆಕ್ಕೆ ಸಮ ಮಾಡುವಾಗ ಮಣಿಕಟ್ಟಿಗೆ ಅದರ ಬೆಲೆ ತಿಳಿಯುತ್ತದೆ.

ಇನ್ನು ಏರ್‌ಬಸ್. ಇಂಡಿಗೋದ ವಿಮಾನಗಳಲ್ಲಿ ಹೆಚ್ಚಿನವು ಎ320 ಬಳಗದವು, ಆದ್ದರಿಂದ ನಮ್ಮಲ್ಲಿ ಬಹಳ ಮಂದಿ ಮನೆಯಲ್ಲಿ ಹಾರಿಸಲು ಬಯಸುವುದೂ ಅದನ್ನೇ. 1987ರಲ್ಲಿ ಮೊದಲು ಹಾರಿದ ಎ320 ಯೋಕನ್ನೇ ಕಿತ್ತೆಸೆದು ಪಕ್ಕದಲ್ಲೊಂದು ಸಣ್ಣ ಕೋಲು ಇಟ್ಟಿತು. ಅದು ಕಂಪ್ಯೂಟರಿಗೆ ಮನವಿ ಸಲ್ಲಿಸುವ ಕೋಲು, ರೆಕ್ಕೆಗೂ ಅದಕ್ಕೂ ನೇರ ಸಂಬಂಧವಿಲ್ಲ. ಕೈಗೆ ಸಿಗುವ ಬಿಗುವು ಸ್ಪ್ರಿಂಗಿನದೇ. ಪಕ್ಕದ ಪೈಲಟ್ ತನ್ನ ಕೋಲನ್ನು ಎಷ್ಟೇ ಎಳೆದರೂ ಇದು ಅಲುಗುವುದಿಲ್ಲ. ಅಂದರೆ ಕೆಲವು ಸಾವಿರದ ಪ್ಲಾಸ್ಟಿಕ್ ಜಾಯ್‌ಸ್ಟಿಕ್ ಹಿಡಿದು ಕೂತವನಿಗೆ ಪ್ರಾಮಾಣಿಕವಾಗಿ ಒಲಿಯುವ ದೊಡ್ಡ ವಿಮಾನ ಇಂಥದೇ. ಒಂದು ತಮಾಷೆಯೂ ಇದೆ. ಕ್ಯಾಪ್ಟನ್ ಕೂರುವುದು ಎಡ ಸೀಟಿನಲ್ಲಿ, ಕೋಲಿರುವುದು ಅವನ ಎಡಗೈಗೆ, ಎಂಜಿನ್ನಿನ ಶಕ್ತಿ ಏರಿಳಿಸುವ ಥ್ರಾಟಲ್ಲು ಬಲಗೈಗೆ. ಬಲಗೈಗೆಂದೇ ಅಚ್ಚುಹೊಯ್ದ ಜಾಯ್‌ಸ್ಟಿಕ್ ಕೊಂಡವರೆಲ್ಲ, ತಾವು ಏನೇ ಅಂದುಕೊಂಡಿರಲಿ, ಸಹಪೈಲಟ್‌ಗಳೇ. ಥ್ರಸ್ಟ್‌ಮಾಸ್ಟರ್ ಟಿ.16000ಎಂ, ಅದೇ ಮಾದರಿಯ ಏರ್‌ಬಸ್ ಕೋಲು ಇವೆರಡೂ ಯಾವ ಕೈಗಾದರೂ ಒಗ್ಗುತ್ತವೆ. ಬಡ್ತಿ ಬೇಕಿದ್ದವರು ಗಮನಿಸಬಹುದು.

ನಮ್ಮ ಎದುರುಮನೆಯಲ್ಲಿ, ವಿಮಾನ ತಯಾರಿಸುವ ಎಚ್‌ಎಎಲ್‌ನಲ್ಲಿ ಬಹಳ ವರ್ಷ ದುಡಿದು ನಿವೃತ್ತರಾದವರೊಬ್ಬರಿದ್ದಾರೆ. ಸಂಜೆ ಕಾಫಿ ಹೊತ್ತಿಗೆ ಬಂದು ನನ್ನ ಸಲಕರಣೆಗಳನ್ನು ಮುಟ್ಟಿ ನೋಡುವುದು ಅವರಿಗೊಂದು ವಿನೋದ. ಒಮ್ಮೆ ಯೋಕನ್ನು ಎಳೆದು ಬಿಟ್ಟರು. ಅದು ಟಪ್ಪನೆ ನಡುವಿಗೆ ಮರಳಿತು.

'ವಿಮಾನ ಈಗ ಎಲ್ಲಿದೆ ಸಾರ್?'

'ನೆಲದ ಮೇಲೆ. ಇನ್ನೂ ಎಂಜಿನ್ ಚಾಲೂ ಮಾಡಿಲ್ಲ.'

'ಮತ್ತೆ ಇಷ್ಟು ಬಿಗಿ ಯಾಕೆ? ಗಾಳಿನೇ ಇಲ್ವಲ್ಲ!'

ಮಾತು ತಮಾಷೆಯದಾದರೂ ಮನೆಯ ಸಿಮ್ಯುಲೇಟರಿನ ದೊಡ್ಡ ಸುಳ್ಳನ್ನು ಅವರು ಅಲ್ಲೇ ಹಿಡಿದಿದ್ದರು. ನಿಜವಾದ ಸೆಸ್ನಾದಲ್ಲಿ ಯೋಕಿನಿಂದ ಹೊರಟ ತಂತಿ ಬಾಲದಲ್ಲಿರುವ, ಮೂತಿಯನ್ನು ಏರಿಳಿಸುವ ಎಲಿವೇಟರಿಗೆ ಹೋಗಿ ಸೇರುತ್ತದೆ. ನಿಂತ ವಿಮಾನದಲ್ಲಿ ಎಲಿವೇಟರು ತನ್ನ ಭಾರಕ್ಕೆ ತಾನೇ ಜೋತುಬಿದ್ದಿರುತ್ತದೆ, ಯೋಕು ಮುಂದಕ್ಕೆ ಸರಿದು ಸತ್ತಂತೆ ಬಿದ್ದಿರುತ್ತದೆ. ರನ್‌ವೇಯಲ್ಲಿ ಓಡತೊಡಗಿದಂತೆ ಗಾಳಿ ಎಲಿವೇಟರನ್ನು ಒತ್ತುತ್ತದೆ, ಯೋಕಿಗೆ ಜೀವ ಬರುತ್ತದೆ. ವೇಗ ಏರಿದಷ್ಟೂ ಬಿಗಿ. ವೇಗ ತೀರ ತಗ್ಗಿ ವಿಮಾನ ಸ್ಟಾಲ್ ಆಗುವ, ಅಂದರೆ ರೆಕ್ಕೆ ಎತ್ತಿಹಿಡಿಯಲಾರದೆ ಸೋಲುವ ಮುಂಚೆ ಮತ್ತೆ ಸಡಿಲ. ಆ ಸಡಿಲವೇ ಎಚ್ಚರಿಕೆ, ಮೀಟರ್ ನೋಡುವ ಮೊದಲೇ ಬೆರಳಿಗೆ ತಲುಪುವ ಎಚ್ಚರಿಕೆ. ನಮ್ಮ ಮೇಜಿನ ಮೇಲಿನ ಸ್ಪ್ರಿಂಗು ನೂರಿಪ್ಪತ್ತು ನಾಟ್ ವೇಗದಲ್ಲೂ ಒಂದೇ, ಶೆಡ್ಡಿನಲ್ಲಿ ನಿಂತಾಗಲೂ ಒಂದೇ.

ಇದರ ಫಜೀತಿ ಟ್ರಿಮ್ ಚಕ್ರದಲ್ಲಿ ಗೊತ್ತಾಗುತ್ತದೆ. ನಿಜ ವಿಮಾನದಲ್ಲಿ ಯೋಕನ್ನು ಬೇಕಾದಲ್ಲಿ ಹಿಡಿದುಕೊಂಡು ಟ್ರಿಮ್ ಚಕ್ರ ತಿರುಗಿಸುತ್ತಾ ಹೋದರೆ ಕೈಮೇಲಿನ ಭಾರ ಕರಗುತ್ತದೆ. ಯೋಕು ಇದ್ದಲ್ಲೇ ನಿಲ್ಲುತ್ತದೆ, ಕೈ ಬಿಡಬಹುದು. ಮನೆಯಲ್ಲಿ ಸ್ಪ್ರಿಂಗು ಯಾವಾಗಲೂ ನಡುವಿಗೇ ಎಳೆಯುವುದರಿಂದ, ಟ್ರಿಮ್ ತಿರುಗಿಸಿದಷ್ಟೂ ಯೋಕನ್ನು ನಿಧಾನವಾಗಿ ನಡುವಿಗೆ ಮರಳಿಸುತ್ತಾ ಹೋಗಬೇಕು. ಎರಡನ್ನೂ ಜೊತೆಗೂಡಿಸುವುದು ಒಂದು ಬೇರೆಯೇ ವಿದ್ಯೆ, ಯಾವ ಪೈಲಟ್ ಶಾಲೆಯಲ್ಲೂ ಅದನ್ನು ಹೇಳಿಕೊಡಬೇಕಾಗಿಲ್ಲ. ಬೆಂಗಳೂರಿನ ಜಕ್ಕೂರು ವಿಮಾನ ತರಬೇತಿ ಶಾಲೆಯಲ್ಲಿ ಹಾರಿದ ಹುಡುಗ ನಮ್ಮ ಮನೆಯ ಯೋಕಿನೆದುರು ತಡಬಡಾಯಿಸಿದರೆ ಆಶ್ಚರ್ಯಪಡಬೇಡಿ.

ಮೋಟಾರು ಕೂರಿಸಿ ಗಾಳಿಯ ಒತ್ತಡವನ್ನೂ ಕೈಗೆ ತಲುಪಿಸುವ ಸಾಧನಗಳಿಲ್ಲದಿಲ್ಲ. ಮೈಕ್ರೋಸಾಫ್ಟ್ ತೊಂಬತ್ತರ ದಶಕದಲ್ಲೇ ಸೈಡ್‌ವೈಂಡರ್ ಹೆಸರಿನಲ್ಲಿ ಅಂಥದೊಂದು ಕೋಲು ತಂದಿತ್ತು, ಇವತ್ತಿಗೂ ಸೆಕೆಂಡ್‌ಹ್ಯಾಂಡ್‌ನಲ್ಲಿ ಅದನ್ನು ಹುಡುಕುವವರಿದ್ದಾರೆ. ಈಗ ಮೋಜಾ ಮುಂತಾದ ಕಂಪನಿಗಳ ಹೊಸ ಪೀಳಿಗೆ ಬಂದಿದೆ. ಬೆಲೆ ಮಾತ್ರ ದುಬಾರಿ. ನಾನು ಅವುಗಳ ಚಿತ್ರ ನೋಡಿ ತೃಪ್ತನಾಗುತ್ತೇನೆ. ಅಂದಹಾಗೆ ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿದದ್ದು ಎಫ್-16 ಯುದ್ಧವಿಮಾನ: ಮೊದಲು ಅದರ ಕೋಲು ಅಲುಗುತ್ತಲೇ ಇರಲಿಲ್ಲ, ಕೈಯ ಒತ್ತಡವನ್ನಷ್ಟೇ ಅಳೆಯುತ್ತಿತ್ತು. ಪೈಲಟ್‌ಗಳಿಗೆ ಸಮಾಧಾನವಾಗಲಿಲ್ಲ. ಆಮೇಲೆ ಸುಮ್ಮನೆ ಅವರ ಸಂತೋಷಕ್ಕೆಂಬಂತೆ ಕೆಲವೇ ಮಿಲಿಮೀಟರ್ ಅಲುಗಾಟ ಸೇರಿಸಿದರು. ಬಲಿಷ್ಠ ಕಂಪ್ಯೂಟರ್ ಹೊತ್ತ ವಿಮಾನವೂ ಮನುಷ್ಯನ ಅಂಗೈಯನ್ನು ಓಲೈಸಬೇಕಾಯಿತು.

ಹೊರಗಿನ ರೂಪ ಬಿಟ್ಟು ಒಳಗಿನ ಕರುಳನ್ನೂ ನೋಡಬೇಕು. ಅಗ್ಗದ ಜಾಯ್‌ಸ್ಟಿಕ್ಕುಗಳಲ್ಲಿ ಕೋಲಿನ ಓರೆಯನ್ನು ಅಳೆಯುವುದು ಸಾಮಾನ್ಯವಾಗಿ ಪೊಟೆನ್ಶಿಯೋಮೀಟರ್. ಹಳೆಯ ರೇಡಿಯೋದ ವಾಲ್ಯೂಮ್ ಗುಂಡಿಯ ಹಿಂದಿದ್ದದ್ದೂ ಅದೇ. ಇಂಗಾಲದ ಪಟ್ಟಿಯ ಮೇಲೆ ಲೋಹದ ನಾಲಗೆ ಉಜ್ಜುತ್ತದೆ. ಸವೆದು ಧೂಳು ಕೂತಾಗ ರೇಡಿಯೋ ಕರಕರ ಎನ್ನುತ್ತಿತ್ತಲ್ಲ, ಅದೇ ಕರಕರ ಇಲ್ಲಿ ವಿಮಾನದ ರೆಕ್ಕೆಯ ಕಂಪನವಾಗುತ್ತದೆ. ಹಾಲ್ ಸೆನ್ಸರ್ ಇರುವವುಗಳಲ್ಲಿ ಉಜ್ಜಾಟವೇ ಇಲ್ಲ. ಒಂದು ಅಯಸ್ಕಾಂತ ಸರಿಯುತ್ತದೆ, ಎದುರಿನ ಚಿಪ್ ಅದರ ಬಲವನ್ನು ಓದುತ್ತದೆ, ಅಷ್ಟೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದ ಎಡ್ವಿನ್ ಹಾಲ್ 1879ರಲ್ಲಿ ಕಂಡುಕೊಂಡ ವಿದ್ಯಮಾನವಿದು, ರೈಟ್ ಸೋದರರು ಹಾರುವುದಕ್ಕೂ ಇಪ್ಪತ್ತನಾಲ್ಕು ವರ್ಷ ಮುಂಚೆ. ಬೆಂಗಳೂರಿನ ಧೂಳಿನಲ್ಲಿ ಬದುಕುವವರು ಪೆಟ್ಟಿಗೆಯ ಮೇಲೆ ಬೇರೇನೂ ಓದದಿದ್ದರೂ 'ಹಾಲ್' ಎಂಬ ಪದವನ್ನು ಹುಡುಕಬೇಕು. ಕೈಗುಣವಿದ್ದವರು ನಗರದ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರೋಡಿಗೆ ಹೋಗಿ ಒಂದು ಆರ್ಡುಯಿನೋ ಲಿಯೊನಾರ್ಡೋ ಬೋರ್ಡು, ನಾಲ್ಕು ಸೆನ್ಸರು ತಂದು ಥ್ರಾಟಲ್ಲನ್ನು ಮನೆಯಲ್ಲೇ ಕಟ್ಟುತ್ತಾರೆ. ಆ ಬೋರ್ಡನ್ನು ಕಂಪ್ಯೂಟರು ಜಾಯ್‌ಸ್ಟಿಕ್ ಎಂದೇ ನಂಬುವಂತೆ ಮಾಡಬಹುದು. ಥ್ರಾಟಲ್ಲಿನ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದು ನನಗಿಲ್ಲ. ಅದು ಹಿಂದೆ ಮುಂದೆ ಹೋಗುವ ಒಂದು ಕಡ್ಡಿ, ಜಾಯ್‌ಸ್ಟಿಕ್ಕಿನ ಬುಡದಲ್ಲಿರುವ ಸಣ್ಣ ಜಾರುಗುಂಡಿಯೂ ಬಹಳ ಕಾಲ ಸಾಕಾಗುತ್ತದೆ.

ಸಾಲದಿರುವುದು ಕಾಲಿನ ವಿಷಯ. ಜನ ಕೈಗೆ ಸುರಿದ ದುಡ್ಡಿನ ಕಾಲುಭಾಗವನ್ನೂ ಕಾಲಿಗೆ ಕೊಡುವುದಿಲ್ಲ. ರಡ್ಡರ್ ಪೆಡಲ್ ಇಲ್ಲದವರಿಗೆಂದು ಜಾಯ್‌ಸ್ಟಿಕ್ಕನ್ನೇ ತಿರುಚುವ ವ್ಯವಸ್ಥೆ ಮಾಡಿರುತ್ತಾರೆ. ನಡೆಯುತ್ತದೆ, ಆದರೆ ಕೋಲನ್ನು ಪಕ್ಕಕ್ಕೆ ವಾಲಿಸುವಾಗ ಮಣಿಕಟ್ಟು ತನಗೇ ತಿಳಿಯದೆ ಒಂದಿಷ್ಟು ತಿರುಚಿರುತ್ತದೆ, ವಿಮಾನ ಅಡ್ಡಡ್ಡ ಜಾರುತ್ತದೆ. ಸೆಸ್ನಾದಂಥ ಒಂಟಿ ಪ್ರೊಪೆಲರ್ ವಿಮಾನಕ್ಕೆ ಪೂರ್ತಿ ಎಂಜಿನ್ ಕೊಟ್ಟರೆ ಮೂತಿ ಎಡಕ್ಕೆ ಸೆಳೆಯುತ್ತದೆ, ಬಲಗಾಲು ಅದನ್ನು ತಡೆದು ಹಿಡಿಯಬೇಕು. ಜಕ್ಕೂರಿನಿಂದ ಏಳುವಾಗ ಅದು ಇನ್ನೂ ದೀರ್ಘ ಕಾಲದ ಕೆಲಸ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಎತ್ತರದಲ್ಲಿದೆ. ಏಪ್ರಿಲ್‌ನ ಮಧ್ಯಾಹ್ನದ ತೆಳು ಗಾಳಿಯಲ್ಲಿ ಸಿಮ್ಯುಲೇಟರಿನ ಸೆಸ್ನಾ ಕೂಡ ಊಟವಾದ ಮೇಲೆ ಮೆಟ್ಟಿಲು ಹತ್ತುವವರ ಆಲಸ್ಯದಲ್ಲಿ ಏರುತ್ತದೆ. ಅಷ್ಟು ಹೊತ್ತೂ ಬಲಗಾಲು ಒತ್ತಿರಬೇಕು. ಆಗ ಶುರುವಾಗುತ್ತದೆ ಕುರ್ಚಿಯ ಕಥೆ. ಆಫೀಸು ಕುರ್ಚಿಗೆ ಗಾಲಿಗಳಿರುತ್ತವೆ. ಪೆಡಲ್ ಒತ್ತಿದರೆ ವಿಮಾನ ತಿರುಗುವ ಮೊದಲು ಪೈಲಟ್ಟೇ ಹಿಂದಕ್ಕೆ ಹೋಗುತ್ತಾನೆ. ನಮ್ಮ ನುಣುಪು ವಿಟ್ರಿಫೈಡ್ ಟೈಲ್ಸ್ ಮೇಲಂತೂ ಪೆಡಲ್ಲು ಗೋಡೆ ಕಡೆಗೆ, ಕುರ್ಚಿ ಅಡುಗೆಮನೆ ಕಡೆಗೆ. ಒಮ್ಮೆ ನನ್ನಾಕೆ 'ಲ್ಯಾಂಡಿಂಗ್ ಎಲ್ರೀ, ಇಲ್ಲೇನಾ?' ಎಂದು ಸೌಟು ಹಿಡಿದೇ ಕೇಳಿದಳು. ಊಟದ ಮೇಜಿನ ಮರದ ಕುರ್ಚಿ, ಪೆಡಲ್ಲಿನಡಿ ಒಂದು ಹಳೆಯ ಜಮಖಾನ, ಕುರ್ಚಿಯನ್ನೂ ಪೆಡಲ್ಲನ್ನೂ ಸೇರಿಸಿ ಕಟ್ಟಿದ ಒಂದು ಬೆಲ್ಟು: ಇದಕ್ಕಿಂತ ಒಳ್ಳೆಯ ಪರಿಹಾರ ನಾನಿನ್ನೂ ಕಂಡಿಲ್ಲ.

ಪೆಡಲ್ ಬಂದಮೇಲೆ ಹಾರಾಟದ ರುಚಿಯೇ ಬದಲಾಗುತ್ತದೆ. ಮಂಗಳೂರಿನ ಬಜ್ಪೆಯಲ್ಲಿ 2,450 ಮೀಟರ್ ಉದ್ದದ ರನ್‌ವೇ ಗುಡ್ಡದ ನೆತ್ತಿಯ ಮೇಲಿದೆ. ಅಡ್ಡಗಾಳಿ ಹಾಕಿಕೊಂಡು ಅಲ್ಲಿ ಇಳಿಯುವುದಿದ್ದರೆ ಗಾಳಿಯ ಕಡೆಗೆ ಮೂತಿ ಓರೆಯಾಗಿಟ್ಟು ಬಂದು, ನೆಲ ಮುಟ್ಟುವ ಮುನ್ನ ಕಾಲಿನಿಂದ ನೇರ ಮಾಡಿ, ಅದೇ ಹೊತ್ತಿಗೆ ಕೈಯಿಂದ ರೆಕ್ಕೆ ತಗ್ಗಿಸಬೇಕು. ಕಾಲೂ ಕೈಯೂ ಬೇರೆಬೇರೆ ಮಾತಾಡುವ ಈ ಕ್ಷಣ ಕೀಬೋರ್ಡಿನಲ್ಲೂ ಇಲ್ಲ, ತಿರುಚುಕೋಲಿನಲ್ಲೂ ಇಲ್ಲ. ರೈಟ್ ಸೋದರರು 1903ರಲ್ಲಿ ಬೋರಲು ಮಲಗಿ, ಸೊಂಟವನ್ನು ಅತ್ತಿತ್ತ ಸರಿಸಿ ರೆಕ್ಕೆ ಬಾಗಿಸುತ್ತಿದ್ದರು. ವಿಮಾನವನ್ನು ಮೈಯೆಲ್ಲ ಬಳಸಿ ಹಾರಿಸಬೇಕೆಂಬುದು ಅವರಿಗೆ ಮೊದಲೇ ಗೊತ್ತಿತ್ತು.

ಆದ್ದರಿಂದ ಯಾರಾದರೂ ಕೇಳಿದರೆ ನನ್ನ ತೀರ್ಪು ಹೀಗೆ. ಮೊದಲು ಹಾಲ್ ಸೆನ್ಸರಿನ, ಎರಡೂ ಕೈಗೆ ಒಗ್ಗುವ ಒಂದು ಜಾಯ್‌ಸ್ಟಿಕ್. ಅದರಲ್ಲಿ ಆಸಕ್ತಿ ಉಳಿದರೆ ಎರಡನೆಯ ಖರ್ಚು ಪೆಡಲ್ಲಿಗೆ. ಯೋಕು ಮೂರನೆಯದು, ಅದೂ ಸೆಸ್ನಾ, ಎಟಿಆರ್, ಬೋಯಿಂಗ್ ಹಾರಿಸುವವರಾದರೆ ಮಾತ್ರ. ಅಮೆರಿಕದಿಂದ ಬರುವ ಮಗಳಿಗೋ ಅಳಿಯನಿಗೋ ತರಲು ಹೇಳುವ ಮುನ್ನ ಅವರ ಸೂಟ್‌ಕೇಸಿನ ಇಪ್ಪತ್ಮೂರು ಕಿಲೋ ಲೆಕ್ಕವನ್ನೂ ನಿಮ್ಮ ಓದುವ ಮೇಜಿನ ಅಂಚನ್ನೂ ನೋಡಿಕೊಳ್ಳಿ. ಯೋಕು ಮೇಜಿಗೆ ಕ್ಲಾಂಪಿನಿಂದ ಕಚ್ಚಿಕೊಳ್ಳುತ್ತದೆ. ಹಲಗೆಯ ಕೆಳಗೇ ಡ್ರಾಯರ್ ಇದ್ದರೆ ಅದು ಕೂರುವುದಿಲ್ಲ.