ನಾಲ್ಕು ತಾಲೂಕುಗಳ ನೀರಿನ ಋಣ

ಹುಟ್ಟಿದ ಊರಿನಲ್ಲಿಯೇ ಬೆಳೆದು, ಅಲ್ಲಿಯೇ ಮನೆ ಕಟ್ಟಿ, ಮಕ್ಕಳ ಲಗ್ನಕಾರ್ಯಗಳನ್ನು ಅದೇ ಅಂಗಳದಲ್ಲಿ ನೆರವೇರಿಸಿದ ಭಾಗ್ಯಶಾಲಿಗಳು ವಾಚಕರಲ್ಲಿ ಅನೇಕರಿರಬಹುದು. ಶಾಲಾ ಮಾಸ್ತರನ ಸಂಸಾರಕ್ಕೆ ಆ ಯೋಗವು ದೊರೆಯುವುದು ಅಪರೂಪ. ವಿಜಾಪುರ ಜಿಲ್ಲೆಯ—2014ರಿಂದ ಇದಕ್ಕೆ ವಿಜಯಪುರವೆಂಬ ಹೆಸರಾಗಿದೆ—ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳಲ್ಲಿ ನಾವು ಸೇವೆ ಸಲ್ಲಿಸಿ ಈಗ ನಿವೃತ್ತರಾಗಿದ್ದೇವೆ. ವರ್ಗದ ಹುಕುಮು ಬಂದಾಗಲೆಲ್ಲ ಬೀಸುಕಲ್ಲು, ರೊಟ್ಟಿಯ ಹಂಚು, ಗೋಣಿಚೀಲಗಳಲ್ಲಿ ತುಂಬಿದ ಪುಸ್ತಕಗಳು, ತುಳಸಿಯ ಡಬ್ಬಿ ಇವೆಲ್ಲ ಲಾರಿಯನ್ನೇರುತ್ತಿದ್ದವು. 2007ರಲ್ಲಿ ಶಿಕ್ಷಕರ ವರ್ಗಾವಣೆಗೆಂದೇ ರಾಜ್ಯದಲ್ಲಿ ಕಾನೂನಾಯಿತು. ಅಲ್ಲಿಯವರೆಗೆ ಹುಕುಮಿನಲ್ಲಿ ಬರೆದ ಊರೇ ನಮ್ಮ ಊರು.

ಮೊದಲು ಇಂಡಿ. ಉತ್ತರಕ್ಕೆ ಭೀಮಾನದಿ, ಅದರಾಚೆ ಮಹಾರಾಷ್ಟ್ರ. ಸಂತೆಯಲ್ಲಿ ಅರ್ಧ ಮಾತು ಕನ್ನಡ, ಅರ್ಧ ಮರಾಠಿ. ಹೊಸ ಊರಿನಲ್ಲಿ ಮನಸ್ಸು ನಿಲ್ಲದೆ ಇದ್ದ ಆ ದಿನಗಳಲ್ಲಿ ನಮಗೆ ಸಮಾಧಾನವನ್ನು ಕೊಟ್ಟದ್ದು ಸಮೀಪದ ಸಾಲೋಟಗಿಯ ಶಾಸನವು. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲಕ್ಕೆ, ಕ್ರಿ.ಶ. 945ರಲ್ಲಿ, ಅವನ ಮಂತ್ರಿಯಾದ ನಾರಾಯಣನು ಅಲ್ಲಿ ಶಾಲೆಯೊಂದನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರ ವಸತಿಗೆ 27 ಮನೆಗಳು ಬೇಕಾಗಿದ್ದವಂತೆ. ಸಾವಿರ ವರುಷಗಳ ಹಿಂದೆ ತಾಯಿತಂದೆಗಳನ್ನು ಬಿಟ್ಟು, ತಿಂಗಳುಗಟ್ಟಲೆ ನಡೆದು ಬಂದ ಆ ಬಾಲಕರ ಮುಂದೆ ಲಾರಿಯಲ್ಲಿ ಕುಳಿತು ಬಂದ ನಮ್ಮ ವನವಾಸವೇನು ದೊಡ್ಡದು?

ಇಂಡಿಯ ಇನ್ನೊಂದು ಪಾಠಶಾಲೆಯು ಲಿಂಬೆಯ ತೋಟ. ಇಲ್ಲಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ನಮ್ಮ ನೆರೆಯ ತೋಟಿಗರೊಬ್ಬರು ಮಳೆಗಾಲದಲ್ಲಿ ಬುಟ್ಟಿಗಟ್ಟಲೆ ಹಣ್ಣನ್ನು ಮನೆಮನೆಗೆ ಹಂಚುವರು; ಆಗ ಪೇಟೆಯಲ್ಲಿ ಅದಕ್ಕೆ ಬೆಲೆಯೇ ಇರದು. ಬೇಸಗೆ ಬಂತೆಂದರೆ ಅದೇ ಹಣ್ಣನ್ನು ಒಂದೊಂದಾಗಿ ಎಣಿಸುವರು. “ಮಾಸ್ತರ್ರ, ಗಿಡಕ್ಕ ಎರಡೂ ಒಂದ, ಲೆಕ್ಕ ಇಡಾವ್ರು ನಾವು” ಎಂದು ನಗುತ್ತಿದ್ದರು. ಗೀತೆಯ ಸಮತ್ವವನ್ನು ನಾವು ತರಗತಿಯಲ್ಲಿ ವಿವರಿಸಿದ್ದು ಎಷ್ಟೋ ಸಲ. ಅದು ಮೈಗೂಡಿದವರನ್ನು ಕಂಡದ್ದು ಆ ತೋಟದಲ್ಲಿ. ಅಲ್ಲಿ ಕಲಿತ ಲಿಂಬೆಯ ಉಪ್ಪಿನಕಾಯಿಯ ಭರಣಿಯು ಮುಂದೆ ನಮ್ಮ ಸಾಮಾನುಗಳೊಡನೆ ಎಲ್ಲ ಊರುಗಳನ್ನೂ ತಿರುಗಿತು.

ಸಿಂದಗಿಯಲ್ಲಿ ನಾವಿದ್ದದ್ದು ಅಲ್ಪಕಾಲ. 1824ರಷ್ಟು ಮುಂಚೆಯೇ ಕುಂಪಣಿ ಸರಕಾರದ ವಿರುದ್ಧ ದಿವಾಕರ ದೀಕ್ಷಿತ ಮೊದಲಾದವರು ಎದ್ದು ನಿಂತ ಊರೆಂದು ಮಕ್ಕಳಿಗೆ ಹೇಳುವಾಗ ನಮಗೂ ಅಭಿಮಾನವೆನಿಸುತ್ತಿತ್ತು. ಆದರೆ ಮನೆಯ ಗೋಡೆಗೆ ಮೊಳೆ ಬಡಿಯುವಷ್ಟರಲ್ಲಿ ಮತ್ತೆ ಹುಕುಮು ಬಂದಿತು. ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ವರ್ಗವು ಗಂಡಸಿನ ಹೆಸರಿಗೆ ಬರುವುದಾದರೂ ಅದನ್ನು ಹೊರುವವಳು ಗೃಹಿಣಿಯು. ನಮಗೆ ಹೋದಲ್ಲಿ ಶಾಲೆಯೊಂದು ಸಿದ್ಧವಾಗಿರುವುದು. ಆಕೆಗೆ ಸಿಹಿನೀರಿನ ಬಾವಿಯಿಂದ ಹಿಡಿದು ಹೆಪ್ಪಿಗೆ ಮಜ್ಜಿಗೆ ಕೊಡುವ ಮನೆಯವರೆಗೆ ಎಲ್ಲವನ್ನೂ ಹೊಸದಾಗಿ ಹುಡುಕಬೇಕು. ಮದುವೆಯಾದಾಗಲೇ ಒಮ್ಮೆ ಊರು ಬಿಟ್ಟವಳಿಗೆ ಈ ವಿದ್ಯೆಯು ನಮಗಿಂತ ಮೊದಲೇ ತಿಳಿದಿರುವುದು ಆಶ್ಚರ್ಯವಲ್ಲ.

ಮುದ್ದೇಬಿಹಾಳದ ಸೀಮೆಯಲ್ಲಿ ನಾವು ಹೆಚ್ಚು ಕಾಲ ನೆಲೆಸಿದೆವು. ಕೃಷ್ಣೆಯ ದಡದ ರಕ್ಕಸಗಿ, ತಂಗಡಗಿಗಳು 1565ರ ಯುದ್ಧದಿಂದ ಪ್ರಸಿದ್ಧವಾದ ಊರುಗಳು. ಒಂದು ಸಾಮ್ರಾಜ್ಯದ ದಶೆಯನ್ನೇ ಅಲ್ಲಿ ಒಂದು ದಿನವು ತಿರುಗಿಸಿತು. ಆದರೆ ಅಲ್ಲಿಯ ಒಕ್ಕಲಿಗನು ಯುದ್ಧದ ಮಾತನ್ನಾಡುವುದಕ್ಕಿಂತ ಡೋಣಿಯ ಮಾತನ್ನಾಡುವುದೇ ಹೆಚ್ಚು. ಜತ್ತಿನ ಕಡೆಯಿಂದ ಹರಿದು ಬಂದು ಕೃಷ್ಣೆಯನ್ನು ಕೂಡುವ ಈ ಹೊಳೆಯ ನೀರು ಉಪ್ಪು. ದಂಡೆಯ ಎರೆಯ ಭೂಮಿಯೋ ಬಿಳಿಜೋಳಕ್ಕೆ ಹೆಸರಾದದ್ದು. ಡೋಣಿ ಬೆಳೆದರೆ ಉಂಡು ಮುಗಿಸುವವರಿಲ್ಲ, ಬೆಳೆಯದಿದ್ದರೆ ಉಣ್ಣಲು ಏನೂ ಇಲ್ಲ ಎಂಬರ್ಥದ ನಾಣ್ಣುಡಿಯೇ ಆ ನಾಡಿನಲ್ಲಿದೆ. ಹಿಂಗಾರಿ ಮಳೆಯೊಂದು ತಪ್ಪಿದರೆ ತುಂಬಿದ ಹಗೇವು ಬರಿದಾಗುವುದು. 1876–78ರ ಮಹಾಕ್ಷಾಮದಲ್ಲಿ ಮುಂಬಯಿ ಇಲಾಖೆಯೊಳಗೆ ಅತಿ ಹೆಚ್ಚು ನೊಂದ ಸೀಮೆಗಳಲ್ಲಿ ಇದು ಒಂದು. ಇಷ್ಟಿದ್ದರೂ ಎಳ್ಳಮಾವಾಸ್ಯೆಯ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೈರು ಚೆನ್ನಾಗಿರಲಿ ಬಾಡಿರಲಿ, ಭೂಮಿತಾಯಿಗೆ ಚರಗ ಚೆಲ್ಲದೆ ತಾವು ಉಣ್ಣುವವರಲ್ಲ. ದಾರಿಯಲ್ಲಿ ಹೋಗುವ ಪರಸ್ಥಳದ ಮಾಸ್ತರನನ್ನೂ ಕರೆದು ಪಂಕ್ತಿಯಲ್ಲಿ ಕೂಡಿಸುವರು. ನಾವು ಆ ಊರಿನವರಾದದ್ದು ಹಾಗೆ.

ಕಾಳಿದಾಸನು ಮೇಘದೂತದಲ್ಲಿ ಮನುಷ್ಯನ ದಶೆಯನ್ನು ಮೇಲೆ ಕೆಳಗೆ ತಿರುಗುವ ಚಕ್ರದ ಅಂಚಿಗೆ ಹೋಲಿಸಿರುವನಷ್ಟೆ. ನಮಗೆ ಅದು ಪ್ರಿಯವಾದ ಉಪಮೆ. ಆದರೆ ಡೋಣಿಯ ಸೀಮೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳಲು ನಾಲಗೆ ಹಿಂಜರಿಯುತ್ತಿತ್ತು. ಯಾಕೆಂದರೆ ದೀಪಾವಳಿ ಕಳೆದ ಮೇಲೆ ನಮ್ಮ ಹಾಜರಿ ಪುಸ್ತಕದಲ್ಲಿ ಕೆಲವು ಹೆಸರುಗಳ ಮುಂದೆ ತಿಂಗಳುಗಟ್ಟಲೆ ಗೈರುಹಾಜರಿಯೇ. ಊರಿನಿಂದಲೂ ತಾಂಡಾಗಳಿಂದಲೂ ಸಂಸಾರಸಂಸಾರಗಳೇ ಗುಳೆ ಹೋಗುವವು—ಗೋವೆಗೆ, ಮುಂಬಯಿಗೆ, ಪುಣೆಗೆ, ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೆ. ನಾವು ಊರು ಬಿಟ್ಟರೆ ಸಂಬಳವು ನಮ್ಮ ಹಿಂದೆ ಬರುವುದು; ಅವರು ಊರು ಬಿಟ್ಟರೆ ಹೊಟ್ಟೆಯೊಂದೇ ಹಿಂದೆ ಬರುವುದು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ಏರಿಳಿತದ ತತ್ವವನ್ನು ಬೋಧಿಸುವುದು ನಮ್ಮ ಮತದಲ್ಲಿ ಸಲ್ಲದು. ಗೋವೆಯಿಂದ ಯುಗಾದಿಗೆ ಮರಳಿದ ಹುಡುಗನೊಬ್ಬನನ್ನು ಸಮುದ್ರ ಹೇಗಿದೆಯೆಂದು ಕೇಳಿದೆವು. “ಡೋಣಿಯಂಗ ಉಪ್ಪೈತ್ರಿ ಸರ, ಆದರ ಬತ್ತೂದಿಲ್ಲ” ಎಂದನು. ಅಕ್ಷರಗಳು ಅವನಿಗೆ ಮರೆತಿದ್ದವು. ಮುಂದಿನ ವರ್ಷ ಅವನು ಋತುಮಾನದ ವಸತಿಶಾಲೆಯಲ್ಲಿ ಉಳಿದನು. ತಾಯಿತಂದೆಗಳು ಮಾತ್ರ ಹೋದರು.

ಕೊನೆಗೆ ಬಸವನ ಬಾಗೇವಾಡಿ. ಬಸವಣ್ಣನವರ ಜನ್ಮಸ್ಥಳವೆಂದು ಲೋಕವೆಲ್ಲ ಬಲ್ಲುದು. ಆದರೆ ಅವರೂ ಈ ಊರನ್ನು ಎಳೆವೆಯಲ್ಲಿಯೇ ಬಿಟ್ಟು ಕೂಡಲಸಂಗಮಕ್ಕೆ, ಅಲ್ಲಿಂದ ಕಲ್ಯಾಣಕ್ಕೆ ಹೋಗಿ, ಭಂಡಾರಿಯ ಪದವಿಯನ್ನೂ ಕಲ್ಯಾಣದ ಕ್ಷೋಭೆಯನ್ನೂ ಕಂಡು, ಕಡೆಗೆ ಸಂಗಮಕ್ಕೇ ಮರಳಿದರು. ಆ ಸಂಗಮದ ಐಕ್ಯಸ್ಥಳವೂ ಇಂದು ನಾರಾಯಣಪುರ ಜಲಾಶಯದ ಹಿನ್ನೀರಿನ ನಡುವೆ ಬಾವಿಯಂತೆ ಕಟ್ಟಿದ ಗೋಡೆಯೊಳಗಿದೆ; ಮೆಟ್ಟಿಲಿಳಿದು ದರ್ಶನ ಮಾಡಬೇಕು.

ಬಾಗೇವಾಡಿಯ ದಕ್ಷಿಣಕ್ಕೆ ಆಲಮಟ್ಟಿ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಗಳು ಅಡಿಗಲ್ಲನ್ನಿಟ್ಟ ಅಣೆಕಟ್ಟು 2006ರಲ್ಲಿ ರಾಷ್ಟ್ರಕ್ಕೆ ಸಮರ್ಪಣೆಯಾಯಿತು. ನೀರು 519.60 ಮೀಟರಿನ ಮಟ್ಟಕ್ಕೆ ನಿಂತಿತು. ಎಷ್ಟೋ ಹೊಲಗಳು ಹಸಿರಾದವು, ಎಷ್ಟೋ ಊರುಗಳು ಮುಳುಗಿದವು. 2010ರಲ್ಲಿ ನ್ಯಾಯಮಂಡಳಿಯು 524.256 ಮೀಟರಿಗೆ ಏರಿಸಲು ಅನುಮತಿಯಿತ್ತ ಮೇಲೆ, ಮಾಳಿಗೆಗೆ ಮಣ್ಣು ಹಾಕಿಸಬೇಕೋ ಬೇಡವೋ ಎಂಬ ಅನುಮಾನದಲ್ಲಿಯೇ ದಿನ ಕಳೆದ ಮನೆಗಳನ್ನು ನಾವು ಕಂಡೆವು. ಪುನರ್ವಸತಿಯ ಊರುಗಳಲ್ಲಿ ಓಣಿಗಳು ಗೆರೆ ಎಳೆದಂತೆ ನೆಟ್ಟಗಿವೆ. ಆದರೆ ಬೇವಿನ ಮರಗಳು ಇನ್ನೂ ಚಿಕ್ಕವು.

ಅಂತಹ ಒಂದು ಊರಿನಲ್ಲಿ, ನಾವು ನಾಲ್ಕು ತಾಲೂಕು ತಿರುಗಿದ ಕಥೆಯನ್ನು ಹೇಳುತ್ತಿರಲು, ವೃದ್ಧೆಯೊಬ್ಬಳು ಕೇಳಿ ಕೇಳಿ, “ನಿಮಗ ಬಿಟ್ಟ ಊರಿಗೆ ಹೊಳ್ಳಿ ಹೋಗಾಕ ಬಸ್ಸರ ಐತಿ ಬಿಡ್ರಿ, ಮಾಸ್ತರ್ರ” ಎಂದಳು. ನಮಗೆ ಉತ್ತರ ತೋಚಲಿಲ್ಲ. ನಮ್ಮ ಮನೆಯವರು ಮಾತಾಡದೆ ಚೀಲದಿಂದ ಇಂಡಿಯ ಲಿಂಬೆಯ ಉಪ್ಪಿನಕಾಯಿಯನ್ನು ತೆಗೆದು ಆಕೆಯ ಬಟ್ಟಲಿಗೆ ಹಾಕಿದರು. ಆಕೆ ಆ ಬಟ್ಟಲನ್ನು ಒಳಗಿಟ್ಟು, ಎರಡು ಕಡಕ್ ರೊಟ್ಟಿಗಳನ್ನೂ ಶೇಂಗಾ ಹಿಂಡಿಯನ್ನೂ ಅರಿವೆಯಲ್ಲಿ ಕಟ್ಟಿ ತಂದು, ಬಸ್ಸಿಗೆ ಹೊತ್ತಾಗುವುದೆಂದು ನಮ್ಮನ್ನು ತಾನೇ ಎಬ್ಬಿಸಿದಳು.